ಭೌತಚಿಕಿತ್ಸೆಯ ಪದವಿ ವ್ಯಾಸಂಗ: ಮೈಸೂರು ಜಿಲ್ಲೆಯ ಪಶ್ಚಿಮದ ನಾಲ್ಕು ತಾಲ್ಲೂಕುಗಳ ದೃಷ್ಟಿಯಿಂದ

ವೈದ್ಯವಿದ್ಯೆಯ ಅಂಗಗಳಲ್ಲಿ ಕೆಲವು ಔಷಧಿಯ ರೂಪದಲ್ಲಿ ರೋಗಿಯ ಮನೆಯವರೆಗೂ ಹೋಗಬಲ್ಲವು. ಇನ್ನು ಕೆಲವಕ್ಕೆ, ಉದಾಹರಣೆಗೆ ಶಸ್ತ್ರಚಿಕಿತ್ಸೆಗೆ, ರೋಗಿಯು ಒಮ್ಮೆ ಊರು ಬಿಟ್ಟು ಬಂದರೆ ಸಾಕಾಗುತ್ತದೆ. ಭೌತಚಿಕಿತ್ಸೆಯು ಈ ಎರಡು ವರ್ಗಕ್ಕೂ ಸೇರತಕ್ಕದ್ದಲ್ಲ. ಅದನ್ನು ಪೊಟ್ಟಣದಲ್ಲಿ ಕಟ್ಟಿಕೊಡಲಾಗದು. ಒಂದೇ ದಿನದಲ್ಲಿ ಮುಗಿಸಲೂ ಆಗದು. ವಾರಗಟ್ಟಲೆ, ತಿಂಗಳುಗಟ್ಟಲೆ, ರೋಗಿಯ ಸ್ವಂತ ಪ್ರಯತ್ನದಿಂದಲೇ, ಬಲ್ಲವರೊಬ್ಬರ ಕಣ್ಣೆದುರಿನಲ್ಲಿ ನಡೆಯಬೇಕಾದ ಕ್ರಿಯೆ ಅದು. ಆದುದರಿಂದ ಈ ವಿದ್ಯೆಯನ್ನು ಕಲಿತವರು ಎಲ್ಲಿ ನೆಲೆಸುತ್ತಾರೆಂಬುದು ಕೇವಲ ಉದ್ಯೋಗದ ಪ್ರಶ್ನೆಯಾಗಿರದೆ ಚಿಕಿತ್ಸೆಯ ಫಲವನ್ನೇ ನಿರ್ಧರಿಸುವ ಪ್ರಶ್ನೆಯಾಗಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು, ಈ ಪದವಿಯಲ್ಲಿ ಏನನ್ನು ಕಲಿಸಲಾಗುತ್ತದೆ, ಕಲಿತದ್ದು ಇಲ್ಲಿಯ ಜನರಿಗೆ ಹೇಗೆ ಒದಗಬೇಕು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿದ್ಯೆಯ ಆಧುನಿಕ ಚರಿತ್ರೆಯನ್ನು ಸಾಮಾನ್ಯವಾಗಿ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಲಿಂಗ್ ಎಂಬಾತನು ಸ್ಥಾಪಿಸಿದ ವ್ಯಾಯಾಮ ಸಂಸ್ಥೆಯಿಂದ ಆರಂಭಿಸುವುದುಂಟು. ಇಂಗ್ಲೆಂಡಿನಲ್ಲಿ 1894ರಲ್ಲಿ ನಾಲ್ವರು ದಾದಿಯರು ಕೂಡಿ ಕಟ್ಟಿದ ಅಂಗಮರ್ದನದ ಸಂಘವೇ ಮುಂದೆ ಅಲ್ಲಿಯ ಭೌತಚಿಕಿತ್ಸಕರ ಪ್ರಧಾನ ಸಂಸ್ಥೆಯಾಯಿತು. ನಮ್ಮ ದೇಶದಲ್ಲಿ ಇದರ ಶಿಕ್ಷಣವು 1950ರ ದಶಕದ ಆರಂಭದಲ್ಲಿ, ಪೋಲಿಯೋ ಪಿಡುಗಿನ ಹಿನ್ನೆಲೆಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯಲ್ಲಿ ಮೊದಲಾಯಿತು; 1955ರಲ್ಲಿ ಭಾರತೀಯ ಭೌತಚಿಕಿತ್ಸಕರ ಸಂಘವು ಹುಟ್ಟಿತು. 2014ರಲ್ಲಿ ಭಾರತವು ಪೋಲಿಯೋಮುಕ್ತವೆಂದು ಘೋಷಿತವಾಯಿತಾದರೂ ಅದರ ನಿಮಿತ್ತದಿಂದ ಬಂದ ವಿದ್ಯೆಗೆ ಕೆಲಸ ಕಡಮೆಯಾಗಲಿಲ್ಲ. ಪಾರ್ಶ್ವವಾಯು, ರಸ್ತೆಯ ಅಪಘಾತ, ಮುಪ್ಪಿನ ಕೀಲುಬೇನೆ, ದುಡಿಮೆಯಿಂದ ಬರುವ ಬೆನ್ನುನೋವು ಇವು ಆ ಸ್ಥಾನವನ್ನು ತುಂಬಿವೆ.

ಕರ್ನಾಟಕದಲ್ಲಿ ಈ ಪದವಿಯನ್ನು ನೀಡುವ ಕಾಲೇಜುಗಳು 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿ ಬೆಳೆದುಬಂದವು. ಮೈಸೂರು ನಗರದಲ್ಲಿ ಜೆ.ಎಸ್.ಎಸ್. ಭೌತಚಿಕಿತ್ಸಾ ಕಾಲೇಜು ಇದೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿದವರು ಈ ವ್ಯಾಸಂಗಕ್ಕೆ ಅರ್ಹರು. ಬಹುಕಾಲ ನಡೆದುಬಂದಿರುವ ಕ್ರಮದಂತೆ ನಾಲ್ಕು ವರ್ಷಗಳ ಪಾಠವೂ ಆರು ತಿಂಗಳ ಆಸ್ಪತ್ರೆಯ ತರಬೇತಿಯೂ ಸೇರಿ ಪದವಿಯು ಪೂರ್ಣವಾಗುತ್ತದೆ. ಮೊದಲನೆಯ ವರ್ಷ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ಮನಶ್ಶಾಸ್ತ್ರ, ಸಮಾಜಶಾಸ್ತ್ರ. ಎರಡನೆಯ ವರ್ಷ ರೋಗಲಕ್ಷಣಶಾಸ್ತ್ರದೊಡನೆ ವ್ಯಾಯಾಮ ಚಿಕಿತ್ಸೆ ಮತ್ತು ವಿದ್ಯುಚ್ಚಿಕಿತ್ಸೆ. ಅನಂತರ ಮೂಳೆ ಕೀಲುಗಳು, ನರಮಂಡಲ, ಹೃದಯ ಶ್ವಾಸಕೋಶಗಳು, ಕೊನೆಗೆ ಸಮುದಾಯ ಪುನರ್ವಸತಿ. ಪಟ್ಟಿ ಉದ್ದವಾಗಿದೆ. ಆದರೆ ಇವುಗಳ ತಿರುಳು ಒಂದೇ: ಚಲನೆಯನ್ನು ಅಳೆಯಲು ಕಲಿಯುವುದು. ಸ್ನಾಯುವಿನ ಬಲವನ್ನು ಸೊನ್ನೆಯಿಂದ ಐದರವರೆಗಿನ ಆರು ಮೆಟ್ಟಿಲುಗಳಲ್ಲಿ ಗುರುತಿಸುತ್ತಾರೆ. ಮಿಡಿತವೂ ಇಲ್ಲದ ಸ್ನಾಯುವಿಗೆ ಸೊನ್ನೆ. ಭೂಮಿಯ ಸೆಳೆತವನ್ನು ಮಾತ್ರ ಮೀರಿ ಕೈಯನ್ನು ಎತ್ತಬಲ್ಲದಕ್ಕೆ ಮೂರು. ಪೂರ್ಣ ಪ್ರತಿರೋಧವನ್ನು ತಡೆಯಬಲ್ಲದಕ್ಕೆ ಐದು. ಕೀಲಿನ ಬಾಗುವಿಕೆಯನ್ನು ಕೋನಮಾಪಕದಿಂದ ಡಿಗ್ರಿಗಳಲ್ಲಿ ಬರೆಯುತ್ತಾರೆ. ಜನರು ಇದನ್ನು ‘ಎಣ್ಣೆ ನೀವುವ ಓದು’ ಎಂದು ಹಗುರವಾಗಿ ಕಾಣುವುದುಂಟು. ನೀವುವುದು ಈ ವಿದ್ಯೆಯ ಅತ್ಯಲ್ಪ ಭಾಗ.

ಅಳತೆಗೆ ಮೊದಲು ಪ್ರಶ್ನೆ ಬರುತ್ತದೆ. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಮೊದಲ ವರ್ಷದ ಇಂಗ್ಲಿಷ್ ಗ್ರಂಥಗಳು ಎಷ್ಟು ಭಾರವಾಗುತ್ತವೆಂಬುದನ್ನು ಅಧ್ಯಾಪಕರೆಲ್ಲರೂ ಬಲ್ಲರು. ಆದರೆ ರೋಗಿಯ ಎದುರು ಕುಳಿತಾಗ ಈ ಭಾರವು ಪಕ್ಕಕ್ಕೆ ಸರಿಯುತ್ತದೆ. ನಮ್ಮ ಹಳ್ಳಿಗರು ‘ನೋವು’ ಎಂಬ ಒಂದೇ ಮಾತಿನಲ್ಲಿ ನಿಲ್ಲುವುದಿಲ್ಲ. ‘ಜೋಮು ಹಿಡಿಯುತ್ತದೆ’ ಎಂದರೆ ನರದ ಮೇಲಣ ಒತ್ತಡವನ್ನು ಶಂಕಿಸಬೇಕು. ‘ಮರಗಟ್ಟಿದೆ’ ಎಂದರೆ ಸ್ಪರ್ಶಜ್ಞಾನವೇ ಕುಂದಿರಬಹುದು. ‘ಸೊಂಟದಿಂದ ಹಿಮ್ಮಡಿಗೆ ಸೆಳೆಯುತ್ತದೆ’ ಎಂಬುದು ಬೆನ್ನುಮೂಳೆಗಳ ನಡುವಣ ಬಿಲ್ಲೆಯನ್ನು ನೆನಪಿಸುತ್ತದೆ. ‘ಚಳುಕು’ ಬೇರೆ, ‘ಉಳುಕು’ ಬೇರೆ. ಸಂಜೆ ‘ಕಾಲು ಕಡಿಯುತ್ತದೆ’ ಎನ್ನುವುದು ಬೇರೆ. ಈ ಮಾತುಗಳನ್ನು ಬಾಲ್ಯದಿಂದ ಕೇಳಿದವನು ಅರ್ಧ ಪರೀಕ್ಷೆಯನ್ನು ಕಿವಿಯಿಂದಲೇ ಮಾಡಬಲ್ಲನು. ಇವುಗಳನ್ನು ಸಂಗ್ರಹಿಸಿ ರೋಗಲಕ್ಷಣಗಳೊಡನೆ ಹೊಂದಿಸುವ ಕೆಲಸವನ್ನು ಭಾಷಾಶಾಸ್ತ್ರದ ವಿದ್ಯಾರ್ಥಿಗಳೂ ಭೌತಚಿಕಿತ್ಸೆಯ ವಿದ್ಯಾರ್ಥಿಗಳೂ ಕೂಡಿ ಕೈಗೊಂಡರೆ ಅದು ಯಾವ ಸಂಶೋಧನ ಪ್ರಬಂಧಕ್ಕೂ ಕಡಮೆಯದಾಗಲಾರದು. ಹೆಗ್ಗಡದೇವನಕೋಟೆಯ ಜೇನುಕುರುಬರ ಹಾಡಿಗಳಲ್ಲಿಯೂ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟನ್ನರ ನಡುವೆಯೂ ಈ ಕನ್ನಡವೂ ಸಾಲದೆಂಬುದನ್ನು ಮರೆಯಲಾಗದು.

ಮಾತಿನಂತೆಯೇ ದುಡಿಮೆಯ ಪರಿಚಯವೂ ಮುಖ್ಯ. ಹುಣಸೂರು, ಪಿರಿಯಾಪಟ್ಟಣಗಳ ಮಳೆಯಾಶ್ರಿತ ಹೊಲಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪು ಪ್ರಧಾನ ಬೆಳೆ. ಇದರ ಗಿಡವನ್ನು ಒಮ್ಮೆಗೇ ಕಡಿಯುವುದಿಲ್ಲ. ಬುಡದ ಎಲೆಗಳು ಮೊದಲು ಬಲಿಯುವುದರಿಂದ, ಕೆಳಗಿನಿಂದ ಮೇಲಕ್ಕೆ ಕೆಲವೇ ಎಲೆಗಳಂತೆ ಹಲವು ಸಲ ಸೊಪ್ಪು ಮುರಿಯಬೇಕು. ಮೊದಲ ಸಲದ ಕೆಲಸವೆಲ್ಲವೂ ಸೊಂಟ ಬಾಗಿಯೇ ನಡೆಯತಕ್ಕದ್ದು. ಬಾಗಿದಾಗ ಮುಂಡದ ತೂಕವು ಸೊಂಟದಿಂದ ಬಹು ಮುಂದಕ್ಕೆ ಜೋತುಬೀಳುತ್ತದೆ. ಅದನ್ನು ಎಳೆದು ಹಿಡಿಯುವ ಬೆನ್ನಿನ ಸ್ನಾಯುಗಳಾದರೋ ಬೆನ್ನುಮೂಳೆಯಿಂದ ಕೆಲವೇ ಸೆಂಟಿಮೀಟರು ಹಿಂದಿವೆ. ಹಾರೆಯ ಗಿಡ್ಡ ತುದಿಯನ್ನು ಹಿಡಿದು ಉದ್ದ ತುದಿಯ ಕಲ್ಲನ್ನೆತ್ತುವವನ ಪಾಡು ಅವುಗಳದು. ತೂಕದ ಹಲವು ಪಟ್ಟು ಬಲವನ್ನು ಅವು ಹಾಕಬೇಕು, ಆ ಬಲವೆಲ್ಲವೂ ಬಿಲ್ಲೆಗಳನ್ನು ಅದುಮುತ್ತದೆ. ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿನಲ್ಲಿ ತಲೆಯ ಮೇಲಕ್ಕೆ ಏರಿಸುವಾಗ ಭುಜಗಳ ಸರದಿ. ಇಂತಹ ರೋಗಿಗೆ ‘ಬಗ್ಗಬೇಡ’ ಎಂದು ಚೀಟಿ ಬರೆದುಕೊಡುವುದು ಕೂಲಿ ಬಿಡು ಎಂದಂತೆಯೇ. ಬಾಗುವ ಬಗೆ, ನಡುನಡುವೆ ನೆಟ್ಟಗೆ ನಿಲ್ಲುವ ಕ್ರಮ, ಸುಗ್ಗಿಗೆ ಮುನ್ನವೇ ಬೆನ್ನು ತೊಡೆಗಳಿಗೆ ಬಲ ತರುವ ವ್ಯಾಯಾಮ ಇವುಗಳನ್ನು ಹೇಳಿಕೊಡುವುದೇ ಸಾಧ್ಯವಾದ ಚಿಕಿತ್ಸೆ. ಇನ್ನೊಂದು ಸೂಕ್ಷ್ಮವೂ ಇದೆ: ಮಂಜಿನಿಂದಲೋ ಮಳೆಯಿಂದಲೋ ತೊಯ್ದ ಹಸಿ ಸೊಪ್ಪಿನ ನಿಕೋಟಿನ್ ಚರ್ಮದ ಮೂಲಕ ದೇಹವನ್ನು ಸೇರಿ ತಲೆಸುತ್ತು, ವಾಕರಿಕೆಗಳನ್ನು ತರುತ್ತದೆ. ಸುಗ್ಗಿಯ ತಿಂಗಳಿನಲ್ಲಿ ಬಂದ ತಲೆಸುತ್ತನ್ನು ಕತ್ತಿನ ಮೂಳೆಗೆ ಆರೋಪಿಸುವ ಮುನ್ನ ರೋಗಿಯು ಬೆಳಿಗ್ಗೆ ಏನು ಕೆಲಸ ಮಾಡಿದನೆಂದು ಕೇಳಬೇಕು.

ಕೃಷ್ಣರಾಜನಗರದ ಕಾವೇರಿ ನಾಲೆಗಳ ಗದ್ದೆಬಯಲಿನಲ್ಲಿ ಪ್ರಶ್ನೆ ಮಂಡಿಯದು. ಕುರ್ಚಿಯಿಂದ ಏಳಲು ಮಂಡಿಯು 90 ಡಿಗ್ರಿಗಿಂತ ತುಸು ಹೆಚ್ಚು ಬಾಗಿದರೆ ಸಾಕು; ಕುಕ್ಕರಗಾಲಿನಲ್ಲಿ ಕೂರಲು 130 ಡಿಗ್ರಿಗೂ ಮೀರಿ ಬಾಗಬೇಕು. ಪಾಶ್ಚಾತ್ಯ ಗ್ರಂಥಗಳ ಗುರಿ ಬಹುಮಟ್ಟಿಗೆ ಮೊದಲನೆಯದು. ನೆಲದ ಮೇಲೆ ಕುಳಿತು ಉಂಡು, ಕುಕ್ಕರಿಸಿ ಪಾತ್ರೆ ಬೆಳಗಿ, ಕೆಸರಿನಲ್ಲಿ ನಾಟಿ ಹಾಕುವ ಗೃಹಿಣಿಗೆ 110 ಡಿಗ್ರಿ ಬಂದಿತೆಂದು ಚಿಕಿತ್ಸೆಯನ್ನು ಮುಗಿಸಿದರೆ ಕಾಗದದ ಮೇಲೆ ಗುಣವಾಯಿತು, ಮನೆಯಲ್ಲಿ ಆಗಲಿಲ್ಲ.

ದೂರದ ಬೆಲೆ ಎಷ್ಟೆಂಬುದು ಪಾರ್ಶ್ವವಾಯುವಿನಲ್ಲಿ ಸ್ಪಷ್ಟವಾಗುತ್ತದೆ. ಲಕ್ವ ಹೊಡೆದ ಮೇಲೆ ಮೆದುಳಿನ ಉಳಿದ ಭಾಗಗಳು ಕಳೆದುಹೋದ ಕೆಲಸವನ್ನು ಸ್ವಲ್ಪಮಟ್ಟಿಗೆ ಹೊತ್ತುಕೊಳ್ಳಬಲ್ಲವು. ಆದರೆ ಒಂದೇ ಚಲನೆಯನ್ನು ಸಾವಿರಾರು ಸಲ ಮಾಡಿದಾಗ ಮಾತ್ರ. ಚೇತರಿಕೆಯ ಬಹುಪಾಲು ಮೊದಲ ಮೂರರಿಂದ ಆರು ತಿಂಗಳೊಳಗೆ ಆಗುತ್ತದೆ. ಆ ಕಾಲದಲ್ಲಿ ರೋಗಿಯು ಮೂಲೆಯ ಚಾಪೆಯ ಮೇಲೆ ಮಲಗಿಯೇ ಇದ್ದರೆ ಪಾದವು ಕೆಳಮುಖವಾಗಿ ನಿಂತು ಮೀನಖಂಡದ ಸ್ನಾಯು ಗಿಡ್ಡವಾಗುತ್ತದೆ, ಭುಜವು ಬಿಗಿದುಕೊಳ್ಳುತ್ತದೆ. ಮುಂದೆ ನರಗಳಲ್ಲಿ ಬಲ ಮರಳಿದರೂ ಕೀಲು ಬಾಗದು. ನಾಲ್ಕು ತಾಲ್ಲೂಕು ಕೇಂದ್ರಗಳೂ ಮೈಸೂರಿನಿಂದ ಸುಮಾರು 40ರಿಂದ 70 ಕಿಲೋಮೀಟರ್ ದೂರದಲ್ಲಿವೆ, ಡಿ.ಬಿ. ಕುಪ್ಪೆಯ ಕಡೆಯ ಕಾಡಂಚಿನ ಊರುಗಳು ಇನ್ನೂ ದೂರ. ವಾರಕ್ಕೆ ಮೂರು ಸಲ ಬನ್ನಿರೆಂದರೆ ರೋಗಿಯೊಡನೆ ಇನ್ನೊಬ್ಬರ ಕೂಲಿಯೂ ಮೂರು ದಿನ ಹೋಯಿತು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣ ಉಳಿದಿದೆ, ನಿಜ. ಆದರೆ ನಡೆಯಲಾರದವರನ್ನು ಬಸ್ಸಿನ ಮೆಟ್ಟಿಲು ಹತ್ತಿಸುವ ಕಷ್ಟ ಉಳಿಯಲಿಲ್ಲ. ಎರಡನೆಯ ವಾರಕ್ಕೆ ಬರುವುದು ನಿಲ್ಲುತ್ತದೆ. ಇದನ್ನು ರೋಗಿಯ ಅಶ್ರದ್ಧೆಯೆಂದು ದಾಖಲೆಯಲ್ಲಿ ಬರೆಯುವ ವಾಡಿಕೆ ನ್ಯಾಯವಾದುದಲ್ಲ.

ಹಾಗಾದರೆ ಪದವೀಧರರು ತಾಲ್ಲೂಕುಗಳಿಗೆ ಹಿಂದಿರುಗಬೇಕೆಂದು ಉಪದೇಶಿಸಿದರಾಯಿತೇ? ಉಪದೇಶದಿಂದ ಸಂಬಳ ಹುಟ್ಟುವುದಿಲ್ಲ. ಖಾಸಗಿ ಕಾಲೇಜಿನ ಶುಲ್ಕಕ್ಕಾಗಿ ಸಾಲ ಮಾಡಿದ ರೈತನ ಮಗಳು ಬೆಂಗಳೂರಿನ ಆಸ್ಪತ್ರೆಯನ್ನೋ ವಿದೇಶವನ್ನೋ ಆರಿಸಿಕೊಂಡರೆ ಆಕ್ಷೇಪಿಸಲು ನಮಗೆ ಅಧಿಕಾರವಿಲ್ಲ. 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಆರಂಭಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮುಂದೆ ಹೆಗ್ಗಡದೇವನಕೋಟೆಯ ಹಾಡಿಗಳ ನಡುವೆ ಕೆಲಸ ಮಾಡಿ ಸರಗೂರಿನಲ್ಲಿ ಆಸ್ಪತ್ರೆಯನ್ನು ಕಟ್ಟಿತು. ಅಂತಹ ಸಾಹಸವನ್ನು ಎಲ್ಲರಿಂದಲೂ ನಿರೀಕ್ಷಿಸಲಾಗದು. ಬೇಕಾದುದು ಹುದ್ದೆ, ಮತ್ತು ಕಲಿಕೆಯ ಕಾಲದಲ್ಲಿಯೇ ಊರಿನ ಪರಿಚಯ.

ಈ ಎರಡನೆಯದಕ್ಕೆ ಈಗ ಅವಕಾಶ ಒದಗಿದೆ. 2021ರ ಸಂಬಂಧಿತ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯು ಭೌತಚಿಕಿತ್ಸೆಯನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿತು. 2025ರಲ್ಲಿ ಹೊರಬಂದ ಮಾದರಿ ಪಠ್ಯಕ್ರಮವು ಐದು ವರ್ಷಗಳ ವ್ಯಾಸಂಗವನ್ನೂ ಅದರೊಳಗೆ ಒಂದು ವರ್ಷದ ತರಬೇತಿಯನ್ನೂ ಸೂಚಿಸುತ್ತದೆ. ಹೆಚ್ಚಿದ ಅರ್ಧ ವರ್ಷವನ್ನೂ ನಗರದ ವಾರ್ಡುಗಳಲ್ಲಿಯೇ ಕಳೆಯಬೇಕೆಂಬ ನಿರ್ಬಂಧವೇಕೆ? ಅದರಲ್ಲಿ ಮೂರು ತಿಂಗಳನ್ನು ತಾಲ್ಲೂಕು ಆಸ್ಪತ್ರೆಗೆ ಮೀಸಲಿಡಬಹುದು. ಯಾವ ತಿಂಗಳುಗಳೆಂಬುದನ್ನು ಬೆಳೆಯೇ ತಿಳಿಸುತ್ತದೆ. ಜುಲೈಯಿಂದ ಸೆಪ್ಟೆಂಬರಿನವರೆಗೆ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಸೊಪ್ಪು ಮುರಿಯುವ ಕಾಲ, ಕೃಷ್ಣರಾಜನಗರದಲ್ಲಿ ನಾಟಿಯ ಕಾಲ. ಹೆಗ್ಗಡದೇವನಕೋಟೆಯ ಲೆಕ್ಕ ಬೇರೆ: ಅಲ್ಲಿಯ ಹಾಡಿಗಳ ಅನೇಕ ಕುಟುಂಬಗಳು ಕಾಫಿ ಕೊಯ್ಲಿಗಾಗಿ ಕೊಡಗಿನ ತೋಟಗಳಿಗೆ ಹೋಗಿರುತ್ತವೆ. ಅವರು ಹಿಂದಿರುಗುವ ಮಾರ್ಚಿಯ ಕೊನೆಯಿಂದ ಮುಂಗಾರು ಹಿಡಿಯುವವರೆಗಿನ ಅವಧಿಯನ್ನು ಅಲ್ಲಿಗೆ ಗೊತ್ತುಮಾಡಿದರೆ ವಿದ್ಯಾರ್ಥಿಗೆ ರೋಗಿಯೂ ಸಿಗುವನು, ಹಾಡಿಯ ದಾರಿಯೂ ತೆರೆದಿರುವುದು.