ಶನಿವಾರಸಂತೆಯಿಂದ ಸುತ್ತೂರಿಗೆ

ಶನಿವಾರಸಂತೆಯಲ್ಲಿ ಮಕ್ಕಳ ಓದಿನ ಮಾತು ಬಂದರೆ ಎರಡು ಪ್ರಶ್ನೆ ಒಟ್ಟಿಗೇ ಬರುತ್ತವೆ. ಸೀಟು ಸಿಕ್ತಾ? ಹಾಸ್ಟೆಲ್ ಸಿಕ್ತಾ? ಮೊದಲನೆಯದಕ್ಕೆ ಹೌದೆಂದರೆ ಮುಖ ಅರಳುತ್ತದೆ. ಎರಡನೆಯದಕ್ಕೂ ಹೌದೆಂದರೆ ಮಾತ್ರ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಕೊಡಗಿನ ಉತ್ತರದ ತುದಿಯ ಈ ಹೋಬಳಿ ಮಡಿಕೇರಿಗಿಂತ ಹಾಸನ ಜಿಲ್ಲೆಯ ಗಡಿಗೇ ಹತ್ತಿರ. ಕಾಫಿ, ಕರಿಮೆಣಸು, ಭತ್ತ, ಶುಂಠಿ ಬೆಳೆಯುವ ಸಣ್ಣ ಹಿಡುವಳಿದಾರರ ಸೀಮೆ ಇದು. ದೊಡ್ಡ ಎಸ್ಟೇಟುಗಳ ಕೊಡಗನ್ನಷ್ಟೇ ಕಂಡವರಿಗೆ ಈ ಕೊಡಗು ಬೇಗ ಕಣ್ಣಿಗೆ ಬೀಳುವುದಿಲ್ಲ. ಇಂಜಿನಿಯರಿಂಗೋ ಫಾರ್ಮಸಿಯೋ ನರ್ಸಿಂಗೋ ಓದಬೇಕೆಂದರೆ ಮಕ್ಕಳು ಊರು ಬಿಡಲೇಬೇಕು. ಸಂತೆಯ ದಿನ ಬಸ್ ನಿಲ್ದಾಣದಲ್ಲಿ ತರಕಾರಿ ಮೂಟೆಗಳ ನಡುವೆ ಬೆನ್ನುಚೀಲ ಹೊತ್ತ ಹುಡುಗ ಹುಡುಗಿಯರು ನಿಂತಿರುತ್ತಾರೆ. ಅವರಲ್ಲಿ ಹಲವರು ಹೋಗುವುದು ಯಾವುದಾದರೊಂದು ಮಠವೋ ಚರ್ಚೋ ಧರ್ಮಸಂಸ್ಥೆಯೋ ನಡೆಸುವ ಕಾಲೇಜಿಗೆ. ಆ ಕಾಲೇಜುಗಳಲ್ಲಿ ಕೆಲವು ಈಗ ವಿಶ್ವವಿದ್ಯಾಲಯಗಳಾಗಿವೆ. ಅಂಥದೊಂದರ ಬೇರು ಎಲ್ಲಿದೆಯೆಂದು ನೋಡಿಬರಲು ನಾನು ಹೊರಟೆ.

ದೂರ ಹೋಗುವ ಮೊದಲು ಪಕ್ಕದ ಮುಳ್ಳೂರಿಗೆ ಹೋಗಬೇಕು. ಒಂದೇ ಆವರಣದೊಳಗೆ ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥರ ಬಸದಿಗಳಿವೆ. ಹಳೇಬೀಡು, ಬೇಲೂರು ನೋಡಿ ಬಂದ ಕಣ್ಣಿಗೆ ಇವು ತೀರ ಸರಳ. ಆದರೆ ಇಲ್ಲಿ ಕಲ್ಲಿಗಿಂತ ಕಲ್ಲಿನ ಮೇಲಿನ ಬರಹ ದೊಡ್ಡದು. 11ನೆಯ ಶತಮಾನದಲ್ಲಿ ಈ ಸೀಮೆ ಕೊಂಗಾಳ್ವರ ಆಳ್ವಿಕೆಯಲ್ಲಿತ್ತು. ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿ 1058ರಲ್ಲಿ ಇಲ್ಲಿ ಬಸದಿ ಕಟ್ಟಿಸಿದಳು, ತನ್ನ ಗುರು ಗುಣಸೇನ ಪಂಡಿತರ ಪ್ರತಿಮೆಯನ್ನು ನಿಲ್ಲಿಸಿದಳು. ಗುಣಸೇನರು ದ್ರಾವಿಳ ಗಣ, ನಂದಿಸಂಘದ ಅರುಂಗಳಾನ್ವಯಕ್ಕೆ ಸೇರಿದವರು, ಪುಷ್ಪಸೇನ ಸಿದ್ಧಾಂತದೇವರ ಶಿಷ್ಯರು. ಗುರು ಯಾರು, ಗುರುವಿನ ಗುರು ಯಾರು, ಯಾವ ಅನ್ವಯ ಎಂಬುದನ್ನೆಲ್ಲ ಶಾಸನ ಹೆಸರಿಟ್ಟು ದಾಖಲಿಸುತ್ತದೆ. ವಿದ್ಯೆ ಎಲ್ಲಿಂದ ಬಂತು ಎನ್ನುವುದು ಆ ಕಾಲಕ್ಕೆ ಅಷ್ಟು ಮುಖ್ಯವಾಗಿತ್ತು. ಗುಣಸೇನರು ಇಲ್ಲಿ ನಾಗಬಾವಿಯೊಂದನ್ನೂ ತೋಡಿಸಿದರು, ಅದು ನಕರದ ಧರ್ಮಕ್ಕಾಗಿ ಎಂದು ಇನ್ನೊಂದು ಬರಹ. ನಕರವೆಂದರೆ ವರ್ತಕರ ಸಂಘ. ಅರಸಿಯ ಕೊಡುಗೆ, ವರ್ತಕರ ಧರ್ಮ, ಪಂಡಿತನ ವಿದ್ಯೆ, ಕುಡಿಯುವ ನೀರು ಈ ನಾಲ್ಕೂ ಒಂದೇ ಅಂಗಳದಲ್ಲಿ ಕೂಡಿದ್ದವು. ಬಸದಿಯ ಜಗುಲಿಯಲ್ಲಿ ಕುಳಿತು ಯೋಚಿಸಿದರೆ, ಧಾರ್ಮಿಕ ಸಂಸ್ಥೆಗಳು ಮುಂದಿನ ಸಾವಿರ ವರ್ಷವೂ ವಿದ್ಯೆಯನ್ನು ಸಾಕಿದ್ದು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಎನಿಸುತ್ತದೆ. ಶನಿವಾರಸಂತೆಗೆ ಬಂದವರು ಮುಳ್ಳೂರು ನೋಡದೆ ಹೋಗುವುದು ನನಗೆ ನಿಜವಾಗಿ ನೋವಿನ ಸಂಗತಿ.

ಅಲ್ಲಿಂದ ದಾರಿ ಸೋಮವಾರಪೇಟೆಗೆ, ಮುಂದೆ ಕುಶಾಲನಗರಕ್ಕೆ. ಆ ಭಾಗದಲ್ಲೇ ಚಿಕ್ಕ ಅಳುವಾರ ಇದೆ. ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಜ್ಞಾನಕಾವೇರಿ ಆವರಣ 2023ರಲ್ಲಿ ಕೊಡಗು ವಿಶ್ವವಿದ್ಯಾಲಯವಾಯಿತು. ಜಿಲ್ಲೆಗೆ ತನ್ನದೇ ವಿಶ್ವವಿದ್ಯಾಲಯ ಬಂತೆಂದು ಜನ ಸಂಭ್ರಮಪಟ್ಟಿದ್ದರು. ಎರಡು ವರ್ಷವಾಗುವಷ್ಟರಲ್ಲಿ, 2025ರ ಆರಂಭದಲ್ಲಿ, ಮುಚ್ಚಬೇಕೆಂದು ಸಂಪುಟ ಉಪಸಮಿತಿ ಸೂಚಿಸಿದ ಹೊಸ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದರ ಹೆಸರೂ ಇತ್ತು. ಹಣವಿಲ್ಲ, ಜಾಗವಿಲ್ಲ, ಬೋಧಕರಿಲ್ಲ ಎಂಬುದು ಕಾರಣ. ಸರ್ಕಾರವೇ ಹುಟ್ಟಿಸಿದ ಕೂಸಿಗೆ ಹಾಲು ಎಲ್ಲಿಂದ ಎಂದು ಸರ್ಕಾರವೇ ಕೇಳಿದಂತಾಯಿತು. ಒಂದು ವಿಶ್ವವಿದ್ಯಾಲಯ ಬೆಳೆಯಲು ನಿಜಕ್ಕೂ ಏನು ಬೇಕು ಎಂಬ ಪ್ರಶ್ನೆ ನನ್ನಲ್ಲಿ ಗಟ್ಟಿಯಾದದ್ದು ಈ ದಾರಿಯಲ್ಲೇ. ಅದನ್ನು ಹೊತ್ತುಕೊಂಡೇ ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರಿಗೆ ಇಳಿದೆ.

ಮೈಸೂರಿಗೂ ವಿಶ್ವವಿದ್ಯಾಲಯಗಳಿಗೂ ನಂಟು ಹಳೆಯದು. 1916ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಅದೇ ವರ್ಷ ಸ್ಥಾಪನೆಯಾದ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರೇ ಮೊದಲ ಕುಲಾಧಿಪತಿ. ಇನ್ನೊಂದು ಹುಟ್ಟೂ ಅದೇ ವರ್ಷದ್ದು. 1916ರ ಆಗಸ್ಟ್ 29ರಂದು ಹುಟ್ಟಿದ ಮಗುವೊಂದು ಮುಂದೆ ಸುತ್ತೂರು ವೀರಸಿಂಹಾಸನ ಮಠದ 23ನೆಯ ಪೀಠಾಧಿಪತಿ ಶಿವರಾತ್ರಿ ರಾಜೇಂದ್ರ ಸ್ವಾಮಿಗಳಾಯಿತು. ಓದಿಗೆಂದು ಮೈಸೂರಿಗೆ ಬಂದ ಸ್ವಾಮಿಗಳು ಹಳ್ಳಿಯ ಹುಡುಗರ ಪಾಡನ್ನು ಹತ್ತಿರದಿಂದ ಕಂಡರು. ಕಾಲೇಜಿನ ಬಾಗಿಲು ತೆರೆದೇ ಇತ್ತು. ತೆರೆಯದೆ ಇದ್ದದ್ದು ಉಣ್ಣುವ, ಮಲಗುವ ಮನೆಯ ಬಾಗಿಲು. 1941ರಲ್ಲಿ ಅವರು ಉಚಿತ ವಿದ್ಯಾರ್ಥಿನಿಲಯ ತೆರೆದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂದು ಲಕ್ಷಾಂತರ ಚದರಡಿಯ ಕಟ್ಟಡಗಳಿರುವ ಸಂಸ್ಥೆಯ ಚರಿತ್ರೆ ಶುರುವಾಗುವುದು ಅಡುಗೆಮನೆಯಿಂದ. ಅದು ಎರಡನೆಯ ಮಹಾಯುದ್ಧದ ಕಾಲ. ಅಕ್ಕಿ ರೇಷನ್ನಿಗೆ ಬಿದ್ದಿತ್ತು, ಬೆಲೆ ಏರಿತ್ತು, ಮಠದ ಬೊಕ್ಕಸ ದೊಡ್ಡದಿರಲಿಲ್ಲ. ಹುಡುಗರ ಊಟಕ್ಕೆ ಏನೂ ಇಲ್ಲದೆ ಹೋದಾಗ ಸ್ವಾಮಿಗಳು ತಮ್ಮ ಇಷ್ಟಲಿಂಗವನ್ನು ಇಟ್ಟುಕೊಳ್ಳುವ ಕರಡಿಗೆಯನ್ನೇ ಕೊಟ್ಟು ದಿನಸಿ ತರಿಸಿದರೆಂದು ಮಠದ ಬಳಗದ ಹಿರಿಯರು ಇಂದಿಗೂ ಹೇಳುತ್ತಾರೆ. ಕೊರಳಲ್ಲಿ ಲಿಂಗ ಧರಿಸುವವರಿಗೆ ಕರಡಿಗೆ ಎಂದರೆ ಏನೆಂಬುದು ಗೊತ್ತಿರುವುದರಿಂದ ಆ ಮಾತಿನ ತೂಕ ವಿವರಿಸಬೇಕಿಲ್ಲ. ನನಗೆ ಇದರಲ್ಲಿ ಮುಖ್ಯವೆನಿಸುವುದು ಕ್ರಮ. ಮೊದಲು ಅನ್ನ, ಆಮೇಲೆ ಶಾಲೆ, ಆಮೇಲೆ ಕಾಲೇಜು, ಎಲ್ಲಕ್ಕಿಂತ ಕೊನೆಗೆ ವಿಶ್ವವಿದ್ಯಾಲಯ. 1954ರಲ್ಲಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠ, ಅಂದರೆ ನಾವೆಲ್ಲ ಜೆಎಸ್‌ಎಸ್ ಎಂದು ಕರೆಯುವ ಸಂಸ್ಥೆ, ಸ್ಥಾಪನೆಯಾಗುವ ಹೊತ್ತಿಗೆ ಹಾಸ್ಟೆಲಿನ ಒಲೆ 13 ವರ್ಷ ಉರಿದಿತ್ತು.

ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಪಕ್ಕದಲ್ಲಿ ಜೆಎಸ್‌ಎಸ್ ತಾಂತ್ರಿಕ ಶಿಕ್ಷಣ ಆವರಣವಿದೆ. ನೂರು ಎಕರೆಗೂ ಮಿಕ್ಕಿದ ಜಾಗ, ನೆರಳು ಚೆಲ್ಲುವ ಮರಗಳು. 1963ರಲ್ಲಿ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜು ಶುರುವಾದಾಗ ಮಠವೊಂದು ಇಂಜಿನಿಯರುಗಳನ್ನು ತಯಾರಿಸುವುದೆಂದರೆ ಸಣ್ಣ ಸಾಹಸವಾಗಿರಲಿಲ್ಲ. ಎಸ್‌ಜೆಸಿಇ ಎಂಬ ಹೆಸರು ಮುಂದೆ ನಾಡಿನ ಮನೆಮನೆಗೂ ತಿಳಿಯಿತು. ಆಗ ಪಠ್ಯವೂ ಪರೀಕ್ಷೆಯೂ ಮೈಸೂರು ವಿಶ್ವವಿದ್ಯಾಲಯದ್ದು. 1998ರಿಂದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು. ನಂತರ ಕಾಲೇಜಿಗೆ ಸ್ವಾಯತ್ತತೆ ಬಂತು. 2016ರಲ್ಲಿ ಅದೇ ಕಾಲೇಜು ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವಾಯಿತು. ರಾಜ್ಯ ಶಾಸನಸಭೆಯ ಕಾಯ್ದೆಯಿಂದ ಹುಟ್ಟಿದ ಖಾಸಗಿ ವಿಶ್ವವಿದ್ಯಾಲಯ ಇದು. ಏನು ಕಲಿಸಬೇಕೆಂದು ತಾನೇ ನಿರ್ಧರಿಸುತ್ತದೆ, ಪದವಿಯನ್ನು ತಾನೇ ಕೊಡುತ್ತದೆ.

ಈ ಆವರಣದಲ್ಲಿ ನನ್ನ ಕಾಲು ಹೆಚ್ಚು ಹೊತ್ತು ನಿಂತದ್ದು ವಿಶ್ವವಿದ್ಯಾಲಯದ ಆಡಳಿತ ಕಟ್ಟಡದ ಮುಂದಲ್ಲ, ಅಂಗವಿಕಲರಿಗಾಗಿ 1991ರಲ್ಲಿ ಆರಂಭವಾದ ಪಾಲಿಟೆಕ್ನಿಕ್ಕಿನ ಮುಂದೆ. ಕಿವಿ ಕೇಳದವರು, ಕಣ್ಣು ಕಾಣದವರು, ಕೈಕಾಲಿನ ಊನವುಳ್ಳವರು ಇಲ್ಲಿ ಡಿಪ್ಲೊಮಾ ಓದುತ್ತಾರೆ. ಲಾಭದ ಲೆಕ್ಕ ಹಾಕಿದರೆ ಇಂಥ ಸಂಸ್ಥೆ ಎಲ್ಲಿಯೂ ಹುಟ್ಟುವುದಿಲ್ಲ. ಧರ್ಮಸಂಸ್ಥೆಯೊಂದು ವಿದ್ಯೆಗೆ ಕೈ ಹಾಕಿದಾಗ ಉಳಿದವರಿಂದ ಏನು ಬೇರೆ ಮಾಡಬಲ್ಲದು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ.

ಬನ್ನಿಮಂಟಪದ ಕಡೆಗೆ ಹೋದರೆ ಇನ್ನೊಂದು ಕವಲು. 1973ರಲ್ಲಿ ಫಾರ್ಮಸಿ ಕಾಲೇಜು, 1984ರಲ್ಲಿ ವೈದ್ಯಕೀಯ ಕಾಲೇಜು. ಊಟಿಯಲ್ಲಿಯೂ ಒಂದು ಫಾರ್ಮಸಿ ಕಾಲೇಜು ಬೆಳೆಯಿತು. 1986ರ ಡಿಸೆಂಬರ್ 6ರಂದು ರಾಜೇಂದ್ರ ಸ್ವಾಮಿಗಳು ಲಿಂಗೈಕ್ಯರಾದರು, ಶಿವರಾತ್ರಿ ದೇಶಿಕೇಂದ್ರ ಸ್ವಾಮಿಗಳು 24ನೆಯ ಪೀಠಾಧಿಪತಿಗಳಾಗಿ ಹೊಣೆ ಹೊತ್ತರು. 2008ರಲ್ಲಿ ಆರೋಗ್ಯ ವಿಜ್ಞಾನದ ಈ ಕಾಲೇಜುಗಳು ಸೇರಿ ಡೀಮ್ಡ್ ವಿಶ್ವವಿದ್ಯಾಲಯವಾದವು. ಇದರ ಮಾನ್ಯತೆ ಬೇರೆ ದಾರಿಯದು. ವಿಶ್ವವಿದ್ಯಾಲಯ ಅನುದಾನ ಆಯೋಗದ 1956ರ ಕಾಯ್ದೆಯಂತೆ ಕೇಂದ್ರ ಸರ್ಕಾರ ಕೊಡುವಂಥದು. ಒಂದೇ ಮಠದ ಕೆಳಗೆ, ಒಂದೇ ಊರಿನಲ್ಲಿ, ಎರಡು ಬಗೆಯ ಎರಡು ವಿಶ್ವವಿದ್ಯಾಲಯ. ಮಹಾವಿದ್ಯಾಪೀಠದ ಸಂಸ್ಥೆಗಳ ಸಂಖ್ಯೆ ಈಗ ಮುನ್ನೂರನ್ನು ದಾಟಿದೆ.

ಈ ಬೆಳವಣಿಗೆ ಸುತ್ತೂರಿನದು ಮಾತ್ರವಲ್ಲ. ಶನಿವಾರಸಂತೆಯ ಮಕ್ಕಳು ಹಾಸನದ ಮೇಲೆ ಬೆಂಗಳೂರಿಗೆ ಹೋಗುವಾಗ ಬೆಳ್ಳೂರು ಕ್ರಾಸಿನ ಬಳಿ ಆದಿಚುಂಚನಗಿರಿ ವಿಶ್ವವಿದ್ಯಾಲಯ ಎದುರಾಗುತ್ತದೆ. 1974ರಲ್ಲಿ ಪೀಠಕ್ಕೆ ಬಂದ ಬಾಲಗಂಗಾಧರನಾಥ ಸ್ವಾಮಿಗಳು ಕಟ್ಟಿದ ಶಿಕ್ಷಣ ಟ್ರಸ್ಟು 2018ರ ಹೊತ್ತಿಗೆ ವಿಶ್ವವಿದ್ಯಾಲಯದ ಹಂತಕ್ಕೆ ತಲುಪಿತು. ಕಲಬುರಗಿಯಲ್ಲಿ ಶರಣಬಸವ ವಿಶ್ವವಿದ್ಯಾಲಯ 2017ರದು. ಜೆಸ್ವಿಟ್ ಪಾದ್ರಿಗಳು 1880ರಲ್ಲಿ ತೆರೆದ ಮಂಗಳೂರಿನ ಸೇಂಟ್ ಅಲೋಶಿಯಸ್ 2024ರಲ್ಲಿ ಡೀಮ್ಡ್ ಆಯಿತು. 1882ರ ಬೆಂಗಳೂರಿನ ಸೇಂಟ್ ಜೋಸೆಫ್ಸ್ 2022ರಲ್ಲಿ ವಿಶ್ವವಿದ್ಯಾಲಯವಾಯಿತು. 1969ರ ಕ್ರೈಸ್ಟ್ ಕಾಲೇಜಿಗೆ, ಮಂಗಳೂರಿನ ಯೇನೆಪೋಯಕ್ಕೆ 2008ರಲ್ಲೇ ಡೀಮ್ಡ್ ಮಾನ್ಯತೆ. ದಶಕಗಳ ಕಾಲ, ಕೆಲವು ನೂರಕ್ಕೂ ಹೆಚ್ಚು ವರ್ಷ, ಕಾಲೇಜಾಗಿಯೇ ಇದ್ದವು ಕಳೆದ ಹದಿನೈದಿಪ್ಪತ್ತು ವರ್ಷದಲ್ಲಿ ಒಮ್ಮೆಗೇ ವಿಶ್ವವಿದ್ಯಾಲಯಗಳಾಗುತ್ತಿವೆ. ಸಾವಿರಾರು ಕಾಲೇಜುಗಳ ಪರೀಕ್ಷೆ ನಡೆಸಿ ಸೋತ ಸರ್ಕಾರಿ ವಿಶ್ವವಿದ್ಯಾಲಯಗಳ ನಿಧಾನ ಒಂದು ಕಾರಣ. ಹೊಸ ಕೋರ್ಸು ತೆರೆಯಬೇಕು, ಸಂಶೋಧನೆಗೆ ಹಣ ತರಬೇಕು, ಹೊರದೇಶದ ಸಂಸ್ಥೆಗಳ ಜೊತೆ ಕೈಜೋಡಿಸಬೇಕು ಎಂಬ ಹಂಬಲ ಇನ್ನೊಂದು. ಶುಲ್ಕ ಮತ್ತು ಸೀಟುಗಳ ಮೇಲೆ ಸಿಗುವ ಹಿಡಿತ ಮೂರನೆಯದು. ಮೂರನೆಯದನ್ನು ಯಾರೂ ಮೊದಲು ಹೇಳುವುದಿಲ್ಲ. ಹಾಸ್ಟೆಲ್ ಸಿಕ್ತಾ ಎಂದು ಕೇಳುವ ತಾಯಂದಿರಿಗೆ ಮಾತ್ರ ತಟ್ಟುವುದು ಅದೇ.

ಮೈಸೂರಿನಿಂದ ನಂಜನಗೂಡು ತಾಲ್ಲೂಕಿನ ಸುತ್ತೂರಿಗೆ ಹೋಗುವಾಗ ಗದ್ದೆಬಯಲು ತೆರೆದುಕೊಳ್ಳುತ್ತದೆ. ಕಪಿಲಾ ನದಿಯ ದಂಡೆಯಲ್ಲಿ ಆದಿ ಜಗದ್ಗುರು ಶಿವರಾತ್ರೀಶ್ವರ ಶಿವಯೋಗಿಗಳ ಗದ್ದುಗೆ ಇದೆ. ಯುದ್ಧಕ್ಕೆ ನಿಂತಿದ್ದ ಗಂಗ ಮತ್ತು ಚೋಳ ಅರಸರ ನಡುವೆ ಶಾಂತಿ ತಂದವರು ಅವರು, ಅದರಿಂದಲೇ ಮಠ ಹುಟ್ಟಿತು ಎಂಬುದು ಪರಂಪರೆಯ ಕಥೆ. ಮುಳ್ಳೂರಿನ ಬಸದಿಗಳ ಕಾಲಕ್ಕೂ ಈ ಕಥೆಯ ಕಾಲಕ್ಕೂ ದೂರವಿಲ್ಲ. ಮುಳ್ಳೂರಿನಲ್ಲಿ ಕಲ್ಲು ಮತ್ತು ಬರಹ ಉಳಿದವು, ಗುರುಪರಂಪರೆ ಕಡಿಯಿತು. ಸುತ್ತೂರಿನಲ್ಲಿ ಪರಂಪರೆ ಉಳಿಯಿತು, ಮತ್ತೆ ಮತ್ತೆ ಹೊಸ ಕೆಲಸಕ್ಕೆ ಇಳಿಯಿತು. ಪೋಷಕರು ಹೋದ ಮೇಲೂ ನಿಲ್ಲುವ ವ್ಯವಸ್ಥೆ ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ.

ಸುತ್ತೂರಿನಲ್ಲಿ ಉಚಿತ ವಸತಿಶಾಲೆ ನಡೆಯುತ್ತಿದೆ. ಬೇರೆ ರಾಜ್ಯಗಳ, ದೂರದ ಈಶಾನ್ಯದ ಮಕ್ಕಳೂ ಇಲ್ಲಿ ಕನ್ನಡದ ಮಕ್ಕಳ ಜೊತೆ ಕಲಿಯುತ್ತಾರೆ. ಕೃಷಿ ವಿಜ್ಞಾನ ಕೇಂದ್ರವಿದೆ. ಚಳಿಗಾಲದ ಜಾತ್ರೆಯಲ್ಲಿ ತೇರಿನ ಜೊತೆಗೇ ಕೃಷಿಮೇಳ, ದನಗಳ ಪರಿಷೆ, ಸಾಮೂಹಿಕ ವಿವಾಹ. 1941ರ ಹಾಸ್ಟೆಲಿನ ಮನಸ್ಸು ಎಲ್ಲಿ ಉಳಿದಿದೆ ಎಂದು ಹುಡುಕುವವರು ಮೈಸೂರಿನ ಗಾಜಿನ ಕಟ್ಟಡಗಳಿಗಿಂತ ಮೊದಲು ಇಲ್ಲಿಗೆ ಬರಬೇಕು. ಇಲ್ಲಿ ಅದು ಜೀವಂತವಾಗಿದೆ, ಇದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ವಿಶ್ವವಿದ್ಯಾಲಯಕ್ಕೆ ಏರಿದ ಮೇಲೆ ಆ ಮನಸ್ಸನ್ನು ಕಾಯುವುದು ಕಷ್ಟ. ಇದು ಒಂದು ಮಠದ ಮಾತಲ್ಲ, ಎಲ್ಲ ಧರ್ಮಸಂಸ್ಥೆಗಳ ಮಾತು. ಪ್ರಯೋಗಾಲಯಕ್ಕೆ ಕೋಟಿ ಬೇಕು, ಬೋಧಕರಿಗೆ ಒಳ್ಳೆಯ ಸಂಬಳ ಬೇಕು, ರ‍್ಯಾಂಕಿಂಗಿನ ಪಟ್ಟಿಯಲ್ಲಿ ಹೆಸರು ಬೇಕು. ಇವೆಲ್ಲ ಬೇಕಾದವೇ, ಇವಿಲ್ಲದೆ ಗುಣಮಟ್ಟವಿಲ್ಲ. ಆದರೆ ಇವಕ್ಕೆಲ್ಲ ಹಣ ಬರುವುದು ಬಹುಪಾಲು ವಿದ್ಯಾರ್ಥಿಯ ಶುಲ್ಕದಿಂದ. ಸಿಇಟಿಯ ಸರ್ಕಾರಿ ಕೋಟಾದಲ್ಲಿ ಸೀಟು ಗಿಟ್ಟಿಸಿದ ಮಗುವಿಗೂ ಹಾಸ್ಟೆಲ್ ಖರ್ಚು, ಊಟದ ಖರ್ಚು, ಪುಸ್ತಕದ ಖರ್ಚು ಇರುತ್ತದೆ. ಎರಡು ಎಕರೆ ಕಾಫಿಯ ಮನೆ, ಮೆಣಸಿಗೆ ಸೊರಗುರೋಗ ಬಂದ ವರ್ಷ, ಅದನ್ನು ಎಲ್ಲಿಂದ ಭರಿಸಬೇಕು? ತೋಟದ ಕೂಲಿಯ ಮನೆಯಂತೂ ಆ ಬಾಗಿಲ ತನಕ ಬರುವುದೇ ಅಪರೂಪ. ಎಂಟು ದಶಕಗಳ ಹಿಂದೆ ಹಳ್ಳಿಯ ಹುಡುಗ ಓದದೆ ಹಿಂದಿರುಗುತ್ತಿದ್ದದ್ದು ಸೀಟಿಲ್ಲದೆ ಅಲ್ಲ, ಊಟವಿಲ್ಲದೆ. ಇಂದೂ ಎಷ್ಟೋ ಕಡೆ ಅದೇ ಕಾರಣ.

ಆದ್ದರಿಂದ ವಿಶ್ವವಿದ್ಯಾಲಯ ನಡೆಸುತ್ತಿರುವ ಮಠಗಳಿಗೆ, ಚರ್ಚುಗಳಿಗೆ, ಟ್ರಸ್ಟುಗಳಿಗೆ ಈ ಗಡಿಸೀಮೆಯ ಪರವಾಗಿ ಒಂದು ಬಿನ್ನಹ. ನಿಮ್ಮ ವಾರ್ಷಿಕ ವರದಿಯಲ್ಲಿ ರ‍್ಯಾಂಕಿನ ಪಕ್ಕದಲ್ಲೇ ಇನ್ನೊಂದು ಅಂಕಿಯನ್ನೂ ಅಚ್ಚು ಹಾಕಿ. ಈ ವರ್ಷ ಎಷ್ಟು ಮಕ್ಕಳು ನಿಮ್ಮಲ್ಲಿ ಉಚಿತವಾಗಿ ಉಂಡು, ಉಳಿದು, ಓದಿದರು ಎಂಬ ಅಂಕಿಯನ್ನು. ಸರ್ಕಾರಕ್ಕೂ ಒಂದು ಮಾತು. ಚಿಕ್ಕ ಅಳುವಾರದ ವಿಶ್ವವಿದ್ಯಾಲಯವನ್ನು ಮುಚ್ಚುವ ಯೋಚನೆ ಬಿಟ್ಟು, ಅಲ್ಲಿ ಮೊದಲು ಒಳ್ಳೆಯ ಹಾಸ್ಟೆಲ್ ಕಟ್ಟಿ, ಶನಿವಾರಸಂತೆ ಮತ್ತು ಪಕ್ಕದ ಕೊಡ್ಲಿಪೇಟೆಯಿಂದ ಬೆಳಗಿನ ಪಾಠಕ್ಕೆ ತಲುಪುವಂತೆ ಬಸ್ಸು ಬಿಡಿ.