ನಿಸ್ತಂತು ಜಾಲಗಳಲ್ಲಿ ವಿಳಾಸ ಸೋಸುವಿಕೆ

ವಿಳಾಸ ಸೋಸುವಿಕೆ ಎಂಬುದು ವೈ-ಫೈ ಸಾಧನದ ರೇಡಿಯೋ ಚಿಪ್ ತನ್ನ ಆಂಟೆನಾವನ್ನು ತಲುಪುವ ಫ್ರೇಮ್‌ಗಳ ವಿಳಾಸವನ್ನು ಪರೀಕ್ಷಿಸಿ, ತನಗೆ ಸೇರಿದವನ್ನು ಸ್ವೀಕರಿಸಿ, ಉಳಿದವನ್ನು ಕೈಬಿಡುವ ಕ್ರಿಯೆಯಾಗಿದೆ. ದತ್ತಾಂಶವನ್ನು ಸಣ್ಣ ಸಣ್ಣ ಕಂತೆಗಳಾಗಿ ವಿಂಗಡಿಸಿ ರೇಡಿಯೋ ಅಲೆಗಳ ಮೂಲಕ ಕಳುಹಿಸಲಾಗುತ್ತದೆ. ಇಂತಹ ಒಂದೊಂದು ಕಂತೆಗೆ ಫ್ರೇಮ್ ಎಂದು ಹೆಸರು. ಸೋಸುವಿಕೆಯ ಬಹುಭಾಗವು ಯಂತ್ರಾಂಶದಲ್ಲಿಯೇ, ಅಂದರೆ ಮೊಬೈಲ್ ಅಥವಾ ಗಣಕದ ಕಾರ್ಯಾಚರಣ ವ್ಯವಸ್ಥೆಗೆ ಸುದ್ದಿ ತಲುಪುವ ಮೊದಲೇ ನಡೆದುಹೋಗುತ್ತದೆ. ಇದರ ಉದ್ದೇಶ ಸಮಯ ಹಾಗೂ ವಿದ್ಯುತ್ತಿನ ಉಳಿತಾಯವೇ ಹೊರತು ಗೋಪ್ಯತೆಯ ರಕ್ಷಣೆಯಲ್ಲ.

ಅಗತ್ಯ

ತಂತಿಯ ಜಾಲದಲ್ಲಿ ಸ್ವಿಚ್ ಎಂಬ ಸಾಧನವು ಪ್ರತಿ ಫ್ರೇಮನ್ನೂ ಸಾಮಾನ್ಯವಾಗಿ ಅದು ಸೇರಬೇಕಾದ ತಂತಿಗೆ ಮಾತ್ರ ಕಳುಹಿಸುತ್ತದೆ. ಆಕಾಶದಲ್ಲಿ ಹರಡುವ ಅಲೆಗೆ ಇಂತಹ ಕಟ್ಟುಪಾಡಿಲ್ಲ. ಹೊಸಪೇಟೆ ರೈಲು ನಿಲ್ದಾಣದಲ್ಲಿ ಹಂಪಿ ಎಕ್ಸ್‌ಪ್ರೆಸ್ ಬರುವ ಪ್ರಕಟಣೆಯು ಅಲ್ಲಿರುವ ಎಲ್ಲರ ಕಿವಿಗೂ ಬೀಳುತ್ತದೆ. ಆದರೆ ಆ ಗಾಡಿಗೆ ಹೋಗಬೇಕಾದವರು ಮಾತ್ರ ಎದ್ದು ನಿಲ್ಲುತ್ತಾರೆ. ವೈ-ಫೈಯಲ್ಲಿಯೂ ಹೀಗೆಯೇ. ಹಂಪಿಯ ವಸತಿಗೃಹವೊಂದರಲ್ಲಿ ಮೂವತ್ತು ಮಂದಿ ಪ್ರವಾಸಿಗರು ಒಂದೇ ರೂಟರನ್ನು ಬಳಸುತ್ತಿದ್ದರೆ, ರೂಟರ್ ಒಬ್ಬರಿಗೆಂದು ಕಳುಹಿಸಿದ ಅಲೆಯು ಉಳಿದ ಇಪ್ಪತ್ತೊಂಬತ್ತು ಮಂದಿಯ ಮೊಬೈಲ್‌ಗಳನ್ನೂ ಮುಟ್ಟುತ್ತದೆ. ಅದೇ ಚಾನೆಲ್‌ನಲ್ಲಿರುವ ಪಕ್ಕದ ಮನೆಯ ಫ್ರೇಮ್‌ಗಳೂ ಇದಕ್ಕೆ ಸೇರಿಕೊಳ್ಳುತ್ತವೆ. ಇವೆಲ್ಲವನ್ನೂ ಮುಖ್ಯ ಸಂಸ್ಕಾರಕಕ್ಕೆ ಒಪ್ಪಿಸಿದರೆ ಅದಕ್ಕೆ ಬಿಡುವೇ ಇರುವುದಿಲ್ಲ. ಬ್ಯಾಟರಿಯೂ ಬೇಗ ಬರಿದಾಗುತ್ತದೆ.

ಇತಿಹಾಸ

ಹಂಚಿಕೊಂಡ ರೇಡಿಯೋ ಚಾನೆಲ್‌ನಲ್ಲಿ ವಿಳಾಸ ನೋಡಿ ಆರಿಸಿಕೊಳ್ಳುವ ಪದ್ಧತಿಯು 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ಕಾರ್ಯಾರಂಭ ಮಾಡಿದ ಅಲೋಹಾ ಜಾಲದಲ್ಲಿಯೇ ಇತ್ತು. ಅಲ್ಲಿಂದ ಪ್ರೇರಣೆ ಪಡೆದ ಈಥರ್ನೆಟ್ 1973ರಲ್ಲಿ ಝೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡಿತು. ವೈ-ಫೈಗೆ ಆಧಾರವಾದ ಐಇಇಇ 802.11 ಮಾನಕವು 1997ರಲ್ಲಿ ಪ್ರಕಟವಾಯಿತು.

ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. 5 ಗಿಗಾಹರ್ಟ್ಸ್ ಪಟ್ಟಿಯ ಬಳಕೆಯನ್ನು 2018ರಲ್ಲಿ ವಿಸ್ತಾರವಾಗಿ ಸಡಿಲಿಸಲಾಯಿತು. ಕರ್ನಾಟಕದಲ್ಲಿ 2014ರ ಜನವರಿಯಲ್ಲಿ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆ ಮೊದಲಾದೆಡೆ ಸಾರ್ವಜನಿಕ ಉಚಿತ ವೈ-ಫೈ ಆರಂಭವಾಯಿತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿಗೆ ನೀಡಿದ ಪಿಎಂ-ವಾಣಿ ಯೋಜನೆಯು, ಕಿರಾಣಿ ಅಂಗಡಿಯಂತಹ ಸಣ್ಣ ಸ್ಥಳಗಳಲ್ಲಿಯೂ ಪರವಾನಗಿ ಇಲ್ಲದೆ ಸಾರ್ವಜನಿಕ ವೈ-ಫೈ ಒದಗಿಸಲು ಅವಕಾಶ ನೀಡಿತು. ಅಪರಿಚಿತರು ಒಂದೇ ಚಾನೆಲ್ ಹಂಚಿಕೊಳ್ಳುವ ಸಂದರ್ಭಗಳು ಹೀಗೆ ಹೆಚ್ಚಿದಂತೆಲ್ಲ ವಿಳಾಸ ಸೋಸುವಿಕೆಯ ಶಕ್ತಿ ಮತ್ತು ಮಿತಿಗಳೆರಡೂ ಜನಸಾಮಾನ್ಯರಿಗೆ ಸಂಬಂಧಿಸಿದ ವಿಷಯಗಳಾಗಿವೆ.

ವಿಳಾಸದ ರಚನೆ

ವೈ-ಫೈ ಸಾಧನದ ಯಂತ್ರಾಂಶ ವಿಳಾಸವನ್ನು ಮ್ಯಾಕ್ ವಿಳಾಸ ಎನ್ನುತ್ತಾರೆ. ಇದರಲ್ಲಿ 48 ಬಿಟ್‌ಗಳಿರುತ್ತವೆ. ಷೋಡಶಮಾನ ಪದ್ಧತಿಯಲ್ಲಿ ಇದನ್ನು 12 ಅಂಕಿಗಳಲ್ಲಿ, ಉದಾಹರಣೆಗೆ 02:10:20:30:40:50 ಎಂದು ಬರೆಯುವುದು ವಾಡಿಕೆ. 48 ಬಿಟ್‌ಗಳಿಂದ ಸುಮಾರು 281 ಲಕ್ಷ ಕೋಟಿ ಬೇರೆ ಬೇರೆ ಸಂಖ್ಯೆಗಳನ್ನು ರಚಿಸಬಹುದು. ಕಾರ್ಖಾನೆಯಲ್ಲಿ ನೀಡುವ ವಿಳಾಸದ ಮೊದಲ 24 ಬಿಟ್‌ಗಳು ಸಾಮಾನ್ಯವಾಗಿ ತಯಾರಕರನ್ನು ಸೂಚಿಸುತ್ತವೆ. ಈ ಭಾಗವನ್ನು ಐಇಇಇ ಸಂಸ್ಥೆಯು ಹಂಚುತ್ತದೆ.

ಮೊದಲ ಬೈಟಿನ ಎರಡು ಬಿಟ್‌ಗಳಿಗೆ ವಿಶೇಷ ಅರ್ಥವಿದೆ. ಕೊನೆಯ ಬಿಟ್ 0 ಆಗಿದ್ದರೆ ವಿಳಾಸವು ಒಂದು ಸಾಧನದ್ದು. 1 ಆಗಿದ್ದರೆ ಒಂದು ಗುಂಪಿನದು. ಅದರ ಹಿಂದಿನ ಬಿಟ್ 1 ಆಗಿದ್ದರೆ ವಿಳಾಸವು ಕಾರ್ಖಾನೆಯಲ್ಲಿ ನೀಡಿದ್ದಲ್ಲ, ತಂತ್ರಾಂಶವು ಸ್ಥಳೀಯವಾಗಿ ರಚಿಸಿದ್ದು. 48 ಬಿಟ್‌ಗಳೂ 1 ಆಗಿದ್ದರೆ ಅದು ಎಲ್ಲರಿಗೂ ಸಲ್ಲುವ ಪ್ರಸಾರ ವಿಳಾಸ.

ಫ್ರೇಮಿನಲ್ಲಿ ವಿಳಾಸಗಳ ಸ್ಥಾನ

ಅಂಚೆಯ ಲಕೋಟೆಯ ಮೇಲೆ ಎರಡು ವಿಳಾಸಗಳಿರುತ್ತವೆ. ವೈ-ಫೈಯ ದತ್ತಾಂಶ ಫ್ರೇಮಿನಲ್ಲಿ ಸಾಮಾನ್ಯವಾಗಿ ಮೂರು ಇರುತ್ತವೆ. ಇದಕ್ಕೆ ಕಾರಣ, ಮೊಬೈಲ್‌ನಿಂದ ಹೊರಟ ದತ್ತಾಂಶವು ರೂಟರ್ ಎಂಬ ಮಧ್ಯವರ್ತಿಯ ಮೂಲಕ ಸಾಗಬೇಕಾಗಿರುವುದು. ಮೊದಲ ಸ್ಥಾನದಲ್ಲಿ ಈ ಕ್ಷಣದಲ್ಲಿ ಅಲೆಯನ್ನು ಹಿಡಿಯಬೇಕಾದ ಸಾಧನದ ವಿಳಾಸ, ಎರಡನೆಯದರಲ್ಲಿ ಈಗ ಅಲೆಯನ್ನು ಹೊರಡಿಸಿದ ಸಾಧನದ ವಿಳಾಸ, ಮೂರನೆಯದರಲ್ಲಿ ಸಂದರ್ಭಾನುಸಾರ ಮೂಲ ಅಥವಾ ಅಂತಿಮ ವಿಳಾಸ ಇರುತ್ತದೆ. ಸಂಡೂರಿನಂತಹ ಗುಡ್ಡಗಾಡು ಪ್ರದೇಶದಲ್ಲಿ ತಂತಿ ಎಳೆಯಲಾಗದ ಎರಡು ಕಟ್ಟಡಗಳ ಜಾಲಗಳನ್ನು ರೇಡಿಯೋ ಮೂಲಕ ಬೆಸೆಯುವಾಗ ನಾಲ್ಕನೆಯ ವಿಳಾಸವೂ ಬಳಕೆಗೆ ಬರಬಹುದು. ಸಂಖ್ಯೆ ಎಷ್ಟೇ ಇರಲಿ, ಸೋಸುವಾಗ ಚಿಪ್ ಮುಖ್ಯವಾಗಿ ನೋಡುವುದು ಮೊದಲ ಸ್ಥಾನದ ವಿಳಾಸವನ್ನು.

ಸೋಸುವ ಕ್ರಮ

ಫ್ರೇಮ್ ಬರುತ್ತಿರುವಂತೆಯೇ ಚಿಪ್ ಅದರ ಬಿಟ್‌ಗಳಿಂದ 32 ಬಿಟ್‌ಗಳ ತಾಳೆಸಂಖ್ಯೆಯೊಂದನ್ನು ಲೆಕ್ಕ ಹಾಕುತ್ತದೆ. ಫ್ರೇಮಿನ ಕೊನೆಯಲ್ಲಿರುವ ಸಂಖ್ಯೆಯೊಡನೆ ಅದು ಹೊಂದದಿದ್ದರೆ ದಾರಿಯಲ್ಲಿ ಬಿಟ್‌ಗಳು ಕೆಟ್ಟಿವೆ ಎಂದರ್ಥ. ಆಗ ವಿಳಾಸವನ್ನೂ ನಂಬುವಂತಿಲ್ಲವಾದ್ದರಿಂದ ಫ್ರೇಮನ್ನು ಕೈಬಿಡಲಾಗುತ್ತದೆ. ತಾಳೆ ಸರಿಯಿದ್ದು ವಿಳಾಸವೂ ತನ್ನದೇ ಆಗಿದ್ದರೆ ಚಿಪ್ ಕಳುಹಿಸಿದವರಿಗೆ ಸ್ವೀಕೃತಿಯನ್ನು ರವಾನಿಸುತ್ತದೆ. ಸ್ವೀಕೃತಿ ಬಾರದಿದ್ದರೆ ಕಳುಹಿಸಿದ ಸಾಧನವು ಅದೇ ಫ್ರೇಮನ್ನು ಮತ್ತೆ ಕಳುಹಿಸುತ್ತದೆ.

ಈ ಕೆಲಸ ಯಂತ್ರಾಂಶದಲ್ಲಿಯೇ ನಡೆಯಬೇಕಾದ ಕಾರಣವು ಸ್ವೀಕೃತಿಯ ಅವಧಿಯಲ್ಲಿದೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಫ್ರೇಮ್ ಮುಗಿದ 10 ಮೈಕ್ರೋಸೆಕೆಂಡ್‌ಗಳಲ್ಲಿ, 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ 16 ಮೈಕ್ರೋಸೆಕೆಂಡ್‌ಗಳಲ್ಲಿ ಸ್ವೀಕೃತಿ ಹೊರಡಬೇಕು. 10 ಮೈಕ್ರೋಸೆಕೆಂಡ್ ಎಂದರೆ ಒಂದು ಸೆಕೆಂಡಿನ ಲಕ್ಷದಲ್ಲೊಂದು ಭಾಗ. ಅಷ್ಟರಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನು ಎಚ್ಚರಿಸಿ, ಕೇಳಿ, ಉತ್ತರ ಪಡೆಯುವುದು ಸಾಧ್ಯವಿಲ್ಲ. ಫ್ರೇಮಿನ ಒಳಗಿನ ಗೂಢಲಿಪಿಯನ್ನು ಬಿಡಿಸಿ ನೋಡುವುದಕ್ಕೂ ಸಾಮಾನ್ಯವಾಗಿ ವ್ಯವಧಾನವಿರುವುದಿಲ್ಲ. ಆದ್ದರಿಂದ ಅಪರಿಚಿತ ಸಾಧನವೊಂದು ಸರಿಯಾದ ವಿಳಾಸ ಬರೆದು ಕಳುಹಿಸಿದ ಫ್ರೇಮಿಗೂ ಚಿಪ್ ಸ್ವೀಕೃತಿ ನೀಡಿಬಿಡುವುದುಂಟು. ಆ ಫ್ರೇಮ್ ನಿಜವಾಗಿ ತನ್ನ ಜಾಲದ್ದೇ ಎಂಬ ವಿಚಾರಣೆ ಅನಂತರದ್ದು.

ತನ್ನದಲ್ಲದ ಫ್ರೇಮಿನ ಉಪಯೋಗ

ಇತರರಿಗೆ ಸೇರಿದ ಫ್ರೇಮನ್ನು ಕೈಬಿಡುವ ಮುನ್ನ ಚಿಪ್ ಅದರಿಂದ ಒಂದು ಮಾಹಿತಿಯನ್ನು ತೆಗೆದುಕೊಳ್ಳುತ್ತದೆ. ಮುಂದಿನ ಎಷ್ಟು ಹೊತ್ತು ಚಾನೆಲ್ ಬಳಕೆಯಲ್ಲಿರುತ್ತದೆ ಎಂಬುದು ತಲೆಭಾಗದಲ್ಲಿ ನಮೂದಾಗಿರುತ್ತದೆ. ಗರಿಷ್ಠ ಅವಧಿ 32,767 ಮೈಕ್ರೋಸೆಕೆಂಡ್. ಅಷ್ಟು ಕಾಲ ಚಿಪ್ ಮೌನವಾಗಿರುತ್ತದೆ. ಹಂಪಿಯಲ್ಲಿ ದೊಡ್ಡ ಬಂಡೆಯೊಂದರ ಎರಡು ಬದಿಗೆ ಇಬ್ಬರು ಕುಳಿತಿದ್ದಾರೆ ಎಂದುಕೊಳ್ಳೋಣ. ಇಬ್ಬರ ಮೊಬೈಲ್‌ಗೂ ರೂಟರಿನ ಅಲೆ ಸಿಗುತ್ತದೆ, ಆದರೆ ಒಬ್ಬರ ಅಲೆ ಇನ್ನೊಬ್ಬರಿಗೆ ಸಿಗುವುದಿಲ್ಲ. ಮೊದಲನೆಯವರು ಅನುಮತಿ ಕೇಳಿ, ರೂಟರ್ ಅವರಿಗೆ ಅನುಮತಿಯ ಫ್ರೇಮ್ ಕಳುಹಿಸಿದಾಗ ಎರಡನೆಯವರ ಮೊಬೈಲ್ ಅದರಲ್ಲಿನ ಅವಧಿಯನ್ನು ಓದಿ ಸುಮ್ಮನಾಗುತ್ತದೆ. ಹೀಗೆ ಅಲೆಗಳ ಡಿಕ್ಕಿ ತಪ್ಪುತ್ತದೆ.

2021ರ 802.11ಎಎಕ್ಸ್ ಮಾನಕದಲ್ಲಿ ಫ್ರೇಮಿನ ಆರಂಭದಲ್ಲಿಯೇ ಜಾಲವನ್ನು ಗುರುತಿಸುವ 6 ಬಿಟ್‌ಗಳ ‘ಬಣ್ಣ’ ಎಂಬ ಸಂಖ್ಯೆ ಇರುತ್ತದೆ. ಬಣ್ಣ ಬೇರೆಯಾಗಿದ್ದರೆ ಪೂರ್ಣ ವಿಳಾಸಕ್ಕೆ ಕಾಯದೆ ಫ್ರೇಮನ್ನು ಬಿಟ್ಟುಬಿಡಲು ಇದು ನೆರವಾಗುತ್ತದೆ.

ಗುಂಪು ವಿಳಾಸಗಳು

ತನ್ನ ವಿಳಾಸವನ್ನು ಹೋಲಿಸುವುದು ಸುಲಭ. ಸಾಧನವು ಅನೇಕ ಗುಂಪುಗಳ ಸದಸ್ಯನಾಗಿದ್ದಾಗ ಪ್ರತಿಯೊಂದು ಗುಂಪು ವಿಳಾಸವನ್ನೂ ಚಿಪ್ಪಿನಲ್ಲಿ ಇಟ್ಟುಕೊಳ್ಳುವುದು ಕಷ್ಟ. ಅದಕ್ಕಾಗಿ ಹಲವು ಚಿಪ್‌ಗಳು 48 ಬಿಟ್‌ಗಳ ವಿಳಾಸವನ್ನು ಒಂದು ನಿಯಮದಂತೆ 0ರಿಂದ 63ರವರೆಗಿನ ಒಂದು ಸಂಖ್ಯೆಗೆ ಇಳಿಸಿ, 64 ಬಿಟ್‌ಗಳ ಪಟ್ಟಿಯಲ್ಲಿ ಆ ಸ್ಥಾನ 1 ಆಗಿದೆಯೇ ಎಂದು ನೋಡುತ್ತವೆ. ಬೇರೆ ಬೇರೆ ವಿಳಾಸಗಳು ಒಂದೇ ಸ್ಥಾನಕ್ಕೆ ಬರಬಹುದಾದ್ದರಿಂದ ಕೆಲವು ಬೇಡದ ಫ್ರೇಮ್‌ಗಳೂ ಒಳಗೆ ಬರುತ್ತವೆ. ಆದರೆ ಬೇಕಾದದ್ದು ಈ ಹಂತದಲ್ಲಿ ಹೊರಗುಳಿಯುವುದಿಲ್ಲ. ಭತ್ತ ಬೆಳೆಯುವ ಕಂಪ್ಲಿ ಭಾಗದವರಿಗೆ ಇದು ಹೊಸದಲ್ಲ: ಮೊದಲು ದೊಡ್ಡ ಕಣ್ಣಿನ ಜರಡಿ, ಆಮೇಲೆ ಮೊರದಲ್ಲಿ ಹಾಕಿಕೊಂಡು ಕೈಯಿಂದ ಆರಿಸುವುದು. ಇಲ್ಲಿ ಜರಡಿ ಯಂತ್ರಾಂಶ, ಮೊರ ತಂತ್ರಾಂಶ.

ಗುಂಪಿಗೆಂದು ರೂಟರ್ ಕಳುಹಿಸಿದ ಫ್ರೇಮ್‌ಗಳಿಗೆ ಸ್ವೀಕೃತಿ ಇರುವುದಿಲ್ಲ. ದೂರದವರಿಗೂ ತಲುಪಲೆಂದು ಅವನ್ನು ಸಾಮಾನ್ಯವಾಗಿ ಕಡಿಮೆ ವೇಗದಲ್ಲಿ ಕಳುಹಿಸಲಾಗುತ್ತದೆ. ಅವುಗಳಿಗಾಗಿ ನಿದ್ರೆಯಲ್ಲಿರುವ ಮೊಬೈಲ್‌ಗಳೂ ಆಗಾಗ ಎಚ್ಚರಗೊಳ್ಳಬೇಕಾಗುತ್ತದೆ. ಹಂಪಿ ಉತ್ಸವದಂತಹ ಜನಜಂಗುಳಿಯಲ್ಲಿ ಇಂತಹ ಫ್ರೇಮ್‌ಗಳು ಹೆಚ್ಚಾದರೆ ಇಡೀ ಜಾಲ ನಿಧಾನವಾಗುತ್ತದೆ.

ಒಂದು ಚಿಪ್, ಹಲವು ವಿಳಾಸ

ಒಂದೇ ರೂಟರ್ ಮಾಲೀಕರಿಗೊಂದು, ಅತಿಥಿಗಳಿಗೊಂದು ಜಾಲ ಒದಗಿಸುವಾಗ ಒಂದೇ ಚಿಪ್ ಎರಡು ವಿಳಾಸಗಳಿಗೆ ಓಗೊಡಬೇಕು. ಅವು 02:10:20:30:40:50 ಮತ್ತು 02:10:20:30:40:51 ಆಗಿದ್ದರೆ ವ್ಯತ್ಯಾಸವಿರುವುದು ಕೊನೆಯ ಬಿಟ್ಟಿನಲ್ಲಿ ಮಾತ್ರ. ಕೆಲವು ಚಿಪ್‌ಗಳಲ್ಲಿ ‘ಈ ಬಿಟ್ಟನ್ನು ಹೋಲಿಸಬೇಡ’ ಎಂದು ತಿಳಿಸುವ ಮುಸುಕು ಇರುತ್ತದೆ. ವಿಳಾಸಗಳು 50 ಮತ್ತು 53 ಎಂದು ಕೊನೆಗೊಂಡರೆ ಎರಡು ಬಿಟ್‌ಗಳನ್ನು ಬಿಡಬೇಕಾಗಿ, ತನಗೆ ಸೇರದ 51 ಮತ್ತು 52ಕ್ಕೂ ಚಿಪ್ ಓಗೊಡುವ ಸಾಧ್ಯತೆ ಉಂಟಾಗುತ್ತದೆ. ಆದ್ದರಿಂದ ಇಂತಹ ವಿಳಾಸಗಳನ್ನು ಆದಷ್ಟು ಕಡಿಮೆ ಬಿಟ್‌ಗಳಲ್ಲಿ ಭಿನ್ನವಾಗಿರುವಂತೆ ಆರಿಸುತ್ತಾರೆ.

ಸುರಕ್ಷತೆ ಮತ್ತು ತಪ್ಪು ಕಲ್ಪನೆಗಳು

ಸೋಸುವಿಕೆಯನ್ನು ಸಡಿಲಿಸುವ ವಿಧಾನಗಳಿವೆ. ಜಾಲದ ದೋಷಗಳನ್ನು ಪತ್ತೆಹಚ್ಚುವ ತಂತ್ರಜ್ಞರು ಬಳಸುವ ಮಾನಿಟರ್ ಸ್ಥಿತಿಯಲ್ಲಿ, ಯಾವ ಜಾಲಕ್ಕೂ ಸೇರದೆಯೇ ಚಾನೆಲ್‌ನಲ್ಲಿ ಕೇಳಿಸುವ ಎಲ್ಲ ಫ್ರೇಮ್‌ಗಳನ್ನೂ ದಾಖಲಿಸಬಹುದು. ಕೆಟ್ಟ ಉದ್ದೇಶದವರಿಗೂ ಇದು ಲಭ್ಯ. ‘ನನ್ನ ಫ್ರೇಮ್ ನನಗೆ ಮಾತ್ರ’ ಎಂಬ ನಂಬಿಕೆ ಹೀಗಾಗಿ ಸರಿಯಲ್ಲ. ಇತರರ ಸಾಧನವು ನಮ್ಮ ಫ್ರೇಮನ್ನು ಕೈಬಿಡುವುದು ಅದರ ಸಂಯೋಜನೆಯಿಂದಲೇ ಹೊರತು ನಿರ್ಬಂಧದಿಂದಲ್ಲ. ಗೋಪ್ಯತೆಯನ್ನು ಕಾಯುವುದು ಗೂಢಲಿಪೀಕರಣ. 1997ರ ವೆಪ್ ಪದ್ಧತಿಯ ದೌರ್ಬಲ್ಯ 2001ರಲ್ಲಿ ಬಯಲಾಯಿತು. ಅನಂತರ 2004ರಲ್ಲಿ ಡಬ್ಲ್ಯುಪಿಎ2, 2018ರಲ್ಲಿ ಡಬ್ಲ್ಯುಪಿಎ3 ಬಂದವು. ಗುಪ್ತಪದವಿಲ್ಲದ ಸಾಮಾನ್ಯ ಮುಕ್ತ ಜಾಲದಲ್ಲಿ ಈ ಕವಚ ಇರುವುದಿಲ್ಲ. ಅಲ್ಲಿ ಎಚ್‌ಟಿಟಿಪಿಎಸ್ ಮೊದಲಾದ ಮೇಲಿನ ಹಂತದ ರಕ್ಷಣೆಯೇ ಆಸರೆ.

ರೂಟರ್‌ಗಳಲ್ಲಿರುವ ‘ಮ್ಯಾಕ್ ಫಿಲ್ಟರ್’ ಎಂಬ ಸೌಲಭ್ಯವು ಇದೇ ಹೆಸರಿನಿಂದ ಗೊಂದಲ ಹುಟ್ಟಿಸುತ್ತದೆ. ಅದು ಪಟ್ಟಿಯಲ್ಲಿರುವ ಸಾಧನಗಳಿಗೆ ಮಾತ್ರ ಜಾಲ ಸೇರಲು ಅನುಮತಿ ನೀಡುತ್ತದೆ. ಆದರೆ ಡಬ್ಲ್ಯುಪಿಎ3 ಇದ್ದಾಗಲೂ ಫ್ರೇಮಿನ ತಲೆಭಾಗದ ವಿಳಾಸಗಳು ಸಾಮಾನ್ಯವಾಗಿ ಬಿಡಿಯಾಗಿಯೇ ಕಾಣುತ್ತವೆ. ಆಲಿಸುವವನು ಅನುಮತಿ ಪಡೆದ ವಿಳಾಸವೊಂದನ್ನು ನೋಡಿ ತನ್ನ ಸಾಧನಕ್ಕೆ ಹಾಕಿಕೊಳ್ಳಬಹುದು. ಗುಪ್ತಪದವಿಲ್ಲದೆ ಈ ಪಟ್ಟಿಯೊಂದನ್ನೇ ನೆಚ್ಚಿಕೊಂಡ ಅಂಗಡಿ ಅಥವಾ ವಸತಿಗೃಹದ ಜಾಲವು ಬೀಗವಿಲ್ಲದ ಬಾಗಿಲಿಗೆ ಹೆಸರಿನ ಫಲಕ ತೂಗುಹಾಕಿದಂತೆ.

ಬದಲಾಗುವ ವಿಳಾಸಗಳು

ಬಿಡಿಯಾಗಿ ಕಾಣುವ ಸ್ಥಿರ ವಿಳಾಸದಿಂದ ವ್ಯಕ್ತಿಯ ಸಂಚಾರವನ್ನು ಗುರುತಿಸುವುದು ಸಾಧ್ಯ. ಇದನ್ನು ತಡೆಯಲು ಆಂಡ್ರಾಯ್ಡ್ 10 (2019) ಹಾಗೂ ಐಓಎಸ್ 14 (2020) ಆವೃತ್ತಿಗಳಿಂದ ಮೊಬೈಲ್‌ಗಳು ಪ್ರತಿ ಜಾಲಕ್ಕೂ ಬೇರೆ ಬೇರೆ ಯಾದೃಚ್ಛಿಕ ವಿಳಾಸವನ್ನು ಬಳಸುವುದು ರೂಢಿಯಾಯಿತು. ಇಂತಹ ವಿಳಾಸದ ಎರಡನೆಯ ಅಂಕಿಯು 2, 6, ಎ ಅಥವಾ ಇ ಆಗಿರುತ್ತದೆ. ತಂತ್ರಾಂಶವು ಹೊಸ ವಿಳಾಸವನ್ನು ಚಿಪ್ಪಿನಲ್ಲಿ ಬರೆದ ಕೂಡಲೇ ಸೋಸುವಿಕೆಯು ಅದನ್ನೇ ಅನುಸರಿಸುತ್ತದೆ. ಪರಿಣಾಮವಾಗಿ, ಹಳೆಯ ವಿಳಾಸವನ್ನು ಮ್ಯಾಕ್ ಫಿಲ್ಟರ್ ಪಟ್ಟಿಗೆ ಸೇರಿಸಿದ್ದ ರೂಟರ್‌ಗಳು ಪರಿಚಿತ ಮೊಬೈಲನ್ನೂ ಹೊರಗಿಡಬಹುದು. ಆಗ ಆ ಜಾಲಕ್ಕೆ ಮಾತ್ರ ಕಾರ್ಖಾನೆಯ ವಿಳಾಸ ಬಳಸುವಂತೆ ಮೊಬೈಲಿನಲ್ಲಿ ಆಯ್ಕೆ ಮಾಡಿಕೊಳ್ಳಬಹುದು.