ಅಂಬಲವಯಲಿನ ಮಾತಿಲ್ಲದ ಕಲ್ಲುಗಳು

ವಯನಾಡಿನ ಸುಲ್ತಾನ್ ಬತ್ತೇರಿಯಿಂದ ಸುಮಾರು 12 ಕಿಲೋಮೀಟರು ದೂರದ ಅಂಬಲವಯಲಿನಲ್ಲಿ ‘ವಯನಾಡ್ ಹೆರಿಟೇಜ್ ಮ್ಯೂಸಿಯಂ’ ಎಂಬ ಪುಟ್ಟ ವಸ್ತುಸಂಗ್ರಹಾಲಯವಿದೆ. ಎಡಕ್ಕಲ್ ಗುಹೆಗೆ ಹೊರಟ ಶಾಲಾ ಪ್ರವಾಸಗಳು ಸಮಯ ಉಳಿದರೆ ಇಲ್ಲಿ ಇಣುಕುವುದುಂಟು, ಉಳಿಯದಿದ್ದರೆ ಬಿಟ್ಟು ಮುಂದೆ ಸಾಗುವುದೂ ಉಂಟು. ಕನ್ನಡ ಬಲ್ಲ ಕುಟುಂಬಗಳು ಇದನ್ನು ಬಿಟ್ಟು ಹೋಗಬಾರದೆಂಬುದು ನಮ್ಮ ಅಭಿಪ್ರಾಯ. ಇಲ್ಲಿನ ಹಲವು ವಸ್ತುಗಳು ಕನ್ನಡದ ಕಣ್ಣಿಗೆ ಒಂದಿಷ್ಟು ಹೆಚ್ಚಾಗಿಯೇ ತೆರೆದುಕೊಳ್ಳುತ್ತವೆ.

ಮೊದಲಿಗೆ ಹೆಸರನ್ನೇ ನೋಡೋಣ. ಮಲಯಾಳದ ‘ವಯಲ್’ ಎಂದರೆ ಗದ್ದೆ. ಕನ್ನಡದಲ್ಲಿ ಅದರ ಒಡಹುಟ್ಟು ‘ಬಯಲು’. ಆ ಭಾಷೆಯ ಪದದ ಮೊದಲಿಗೆ ವಕಾರವಿದ್ದೆಡೆ ನಮ್ಮಲ್ಲಿ ಬಕಾರ ಬರುವುದು ಹಳೆಯ ರೂಢಿ. ಹೊಯ್ಸಳರ ಕಾಲದ ಕನ್ನಡ ಶಾಸನಗಳಲ್ಲಿ ಈ ಸೀಮೆ ‘ಬಯಲ್ನಾಡು’ ಎಂದೇ ಕಾಣಿಸಿಕೊಳ್ಳುತ್ತದೆ. ಬತ್ತೇರಿಗೂ ಒಂದು ಹಳೆಯ ಹೆಸರಿದೆ: ಹನ್ನೆರಡು ಬೀದಿ. ಅಲ್ಲಿನ ಜೈನ ನೆಲೆಯಿಂದ ಬಂದ ಹೆಸರದು. ಟಿಪ್ಪುವಿನ ಸೇನೆ ಅಲ್ಲಿಯ ಬಸದಿಯನ್ನು ಮದ್ದುಗುಂಡಿನ ಕೋಠಿಯಾಗಿ ಬಳಸಿದ ಮೇಲೆ ಊರು ‘ಸುಲ್ತಾನನ ಬತ್ತೇರಿ’ಯಾಯಿತು. ಕಲ್ಲಿನ ಬಸದಿ ಇಂದಿಗೂ ಇದೆ. ಹನ್ನೆರಡು ಬೀದಿ ಎಂಬ ಹೆಸರು ಮಾತ್ರ ಬಸ್ಸಿನ ಫಲಕದಲ್ಲಿ ಇಲ್ಲ.

ಸಂಗ್ರಹಾಲಯದಲ್ಲಿ ನಾಲ್ಕು ವಿಭಾಗಗಳಿವೆ: ವೀರಸ್ಮೃತಿ, ಗೋತ್ರಸ್ಮೃತಿ, ದೇವಸ್ಮೃತಿ, ಜೀವನಸ್ಮೃತಿ. ಹೆಸರುಗಳನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾದುದೇ ಇಲ್ಲ. ನಾವು ಹೆಚ್ಚು ಹೊತ್ತು ನಿಲ್ಲಬೇಕಾದುದು ವೀರಗಲ್ಲುಗಳಿರುವ ಮೊದಲನೆಯ ವಿಭಾಗದಲ್ಲಿ.

ವೀರಗಲ್ಲನ್ನು ಪುಸ್ತಕದಂತೆ ಮೇಲಿನಿಂದ ಕೆಳಕ್ಕೆ ಓದಬಾರದು. ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಕೆಲವೊಮ್ಮೆ ಕುದುರೆ. ದನಗಳ ಚಿತ್ರವಿದ್ದರೆ ಅದು ತುರುಗೋಳಿನ ಕಥೆ, ಅಂದರೆ ಹಗೆಗಳು ಹೊಡೆದುಕೊಂಡು ಹೋಗುತ್ತಿದ್ದ ಊರ ದನಗಳನ್ನು ಬಿಡಿಸುತ್ತ ಒಬ್ಬನು ಮಡಿದಿದ್ದಾನೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿರುತ್ತಾನೆ. ಅಲ್ಲಿ ಲಿಂಗವಿದೆಯೋ ಜಿನಬಿಂಬವಿದೆಯೋ ಎಂಬುದರಿಂದ ಅವನ ಮನೆತನದ ಮತವನ್ನು ಊಹಿಸಬಹುದು. ತುದಿಯ ಸೂರ್ಯಚಂದ್ರರಿಗೆ ಅವರಿರುವವರೆಗೆ ಈ ಕೀರ್ತಿ ಇರಲಿ ಎಂಬ ಅರ್ಥ. ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ, ಬಳೆ ತೊಟ್ಟ ಕೈಯೊಂದು ಕಲ್ಲಿನಲ್ಲಿದ್ದರೆ ಅದು ಮಾಸ್ತಿಕಲ್ಲು. ಗಂಡನ ಚಿತೆಯಲ್ಲಿ ಬೆಂದ ಹೆಣ್ಣಿನ ನೆನಪು ಅದು. ಮಕ್ಕಳು ಕೇಳಿದರೆ ಮುಚ್ಚಿಡದೆ ಹೇಳುವುದೇ ಸರಿ.

ಆದರೆ ಮಡಿದವನು ಯಾರು, ಯಾವ ಊರಿನವನು? ಬರಹವಿದ್ದರೆ ಕಲ್ಲೇ ಹೇಳುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ, ಕ್ರಿ.ಶ. 949–50ರ ಕಲ್ಲನ್ನು ತೆಗೆದುಕೊಳ್ಳೋಣ. ಅದು ಕಾಳಿ ಎಂಬ ಬೇಟೆನಾಯಿಗೆ ನಿಲ್ಲಿಸಿದ ಕಲ್ಲು! ಗಂಗರ ಬೂತುಗನು ತನ್ನ ವೀರನಾದ ಮಣಲೇರನಿಗೆ ಆ ನಾಯಿಯನ್ನು ಕೊಟ್ಟನು, ಅದು ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು ಎಂಬುದೆಲ್ಲ ಕನ್ನಡದಲ್ಲಿಯೇ ಕೆತ್ತಲ್ಪಟ್ಟಿದೆ. ಆ ಕಲ್ಲು ಇಂದು ಬೆಂಗಳೂರಿನ ಸರಕಾರಿ ಸಂಗ್ರಹಾಲಯದಲ್ಲಿದೆ. ಅಷ್ಟು ದೂರ ಬಂದರೂ ಅದು ತನ್ನ ಊರನ್ನೂ ನಾಯಿಯ ಹೆಸರನ್ನೂ ಮರೆತಿಲ್ಲ.

ಬರಹವಿಲ್ಲದ ಕಲ್ಲಿಗೆ ಆ ಭಾಗ್ಯವಿಲ್ಲ. ಅದರ ವಿಳಾಸವೆಲ್ಲ ಅದು ನಿಂತಿದ್ದ ನೆಲದಲ್ಲಿರುತ್ತದೆ: ಗದ್ದೆಯ ಹೆಸರು, ಮುಖ ಮಾಡಿದ್ದ ದಿಕ್ಕು, ಹತ್ತಿರದ ಗುಡಿ, ದೀಪ ಇಡುತ್ತಿದ್ದ ಮನೆ. ಇವನ್ನು ಬರೆದಿಟ್ಟುಕೊಳ್ಳದೆ ಕಲ್ಲನ್ನು ಎತ್ತಿದರೆ ಉಳಿಯುವುದು ‘ಒಬ್ಬ ವೀರ’ ಎಂಬುದಷ್ಟೇ. ಹಾಗೆಂದು ಗದ್ದೆಯಲ್ಲಿಯೇ ಬಿಡಬೇಕೆಂದು ನಾವು ಹೇಳುವುದಿಲ್ಲ; ಬಟ್ಟೆ ಒಗೆಯುವ ಕಲ್ಲಾಗುವುದಕ್ಕಿಂತ, ರಸ್ತೆಯ ಜಲ್ಲಿಯಾಗುವುದಕ್ಕಿಂತ ಸಂಗ್ರಹಾಲಯದ ನೆರಳು ಮೇಲು. ವಯನಾಡಿನಲ್ಲಾಗಲಿ, ಹೊಸೂರು, ಮಡಕಶಿರಾ, ಅಕ್ಕಲಕೋಟೆಗಳ ಕಡೆಯಲ್ಲಾಗಲಿ ನಮ್ಮ ಓದುಗರ ಹೊಲದ ಬದುವಿನಲ್ಲಿ ಇಂತಹ ಕಲ್ಲಿದ್ದರೆ, ಅದು ಅಲ್ಲಿರುವಾಗಲೇ ಮಕ್ಕಳ ಕೈಯಿಂದ ನಾಲ್ಕು ಬದಿಯ ಚಿತ್ರ ತೆಗೆಸಿ, ಅಜ್ಜ ಅಜ್ಜಿಯರು ಅದನ್ನು ಏನೆಂದು ಕರೆಯುತ್ತಾರೆಂಬುದನ್ನು ನೋಟುಬುಕ್ಕಿನಲ್ಲಿ ಬರೆಸಿಡಿ. ಅರಿಸಿನ, ಸುಣ್ಣ ಬಳಿದು ಗೆರೆಗಳನ್ನು ಎದ್ದು ಕಾಣಿಸುವ ಉತ್ಸಾಹ ಬೇಡ. ಸಂಜೆಯ ಓರೆ ಬಿಸಿಲು ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಗೋತ್ರಸ್ಮೃತಿಯಲ್ಲಿ ಆದಿವಾಸಿಗಳ ಬಳಕೆಯ ವಸ್ತುಗಳಿವೆ. ಮಲಯಾಳದ ‘ವಿಲ್ಲ್’ ನಮ್ಮ ಬಿಲ್ಲು, ಅದೇ ವಕಾರ ಬಕಾರಗಳ ಲೆಕ್ಕ. ಪಳಶ್ಶಿ ರಾಜನ ಪರವಾಗಿ ಕುರಿಚ್ಯರು ಇಂಗ್ಲಿಷರ ವಿರುದ್ಧ ಹೂಡಿದ ಆಯುಧ ಈ ಬಿಲ್ಲೇ. ಕೇರಳದಲ್ಲಿ ಕಾಟ್ಟುನಾಯ್ಕರೆಂದೂ ‘ತೇನ್ ಕುರುಮ’ರೆಂದೂ ಕರೆಸಿಕೊಳ್ಳುವ ಜೇನು ಕೀಳುವ ಜನ ಗಡಿಯ ಈಚೆಗೆ ಜೇನುಕುರುಬರು. ಅವರ ಮನೆಮಾತು ಕನ್ನಡಕ್ಕೆ ಬಲು ಹತ್ತಿರ. ಆದ್ದರಿಂದ ಆ ವಿಭಾಗವನ್ನು ‘ಯಾರದೋ ಕಾಡಿನ ವಸ್ತುಗಳು’ ಎಂದು ತೋರಿಸಿ ಮುಂದೆ ಹೋಗುವುದು ಸರಿಯಲ್ಲ. ನಾಗರಹೊಳೆ, ಬಂಡೀಪುರ, ವಯನಾಡು, ನೀಲಗಿರಿಗಳ ಕಾಡು ಒಂದೇ. ಮೂರು ರಾಜ್ಯಗಳ ಗೆರೆ ಅದರ ಮೇಲೆ ಬಿದ್ದದ್ದು ಈಚೆಗೆ.

ಇನ್ನು ಎಡಕ್ಕಲ್. ಅಲ್ಲಿಯ ಕೆತ್ತನೆಗಳನ್ನು 1890ರ ದಶಕದಲ್ಲಿ ಫ್ರೆಡ್ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಹೊರಜಗತ್ತಿಗೆ ತಿಳಿಸಿದನು. ಬಂಡೆಯ ಗೋಡೆಯ ಮೇಲೆಯೇ ಮನುಷ್ಯರ, ಪ್ರಾಣಿಗಳ ರೂಪಗಳೂ ಬ್ರಾಹ್ಮಿಯ ಸಾಲುಗಳೂ ಇವೆ; ಅವನ್ನು ಯಾವ ಸಂಗ್ರಹಾಲಯಕ್ಕೂ ಹೊತ್ತು ತರಲಾಗದು. ಎರಡು ಬಂಡೆಗಳ ಎಡೆಯಲ್ಲಿ ಸಿಕ್ಕಿಕೊಂಡ ಕಲ್ಲೇ ಎಡಕ್ಕಲ್ ಎಂಬ ಹೆಸರಿಗೆ ಮೂಲ. ಭಾರತೀಸುತರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು 1973ರಲ್ಲಿ ತೆರೆಗೆ ತಂದ ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರದ ಎಡಕಲ್ಲೂ ಇದೇ ಎಂದು ಹತ್ತುವ ದಾರಿಯಲ್ಲಿ ಹೇಳಿದರೆ, ಮಕ್ಕಳಿಗಿಂತ ಮೊದಲು ಅವರ ಅಜ್ಜಿಯರ ಕಣ್ಣು ಅರಳುತ್ತದೆ.